ವಿಯೆನ್ನಾ, ವೆನಿಸ್, ರೋಮ್: 14 ರಾತ್ರಿ ಉಳಿಯಲು ನಾವು ಕೊಟ್ಟಿದ್ದೆಷ್ಟು

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 2025ರ ಏಪ್ರಿಲ್ ಕೊನೆಗೆ ಹೊರಟು ಮೇ ಮಧ್ಯಕ್ಕೆ ಮನೆಗೆ ಬಂದೆವು. ನಾನು, ನಮ್ಮ ಮನೆಯವರು, 13 ವರ್ಷದ ಮಗಳು, 68 ವರ್ಷದ ಅತ್ತೆ. ವಿಯೆನ್ನಾದಲ್ಲಿ 5 ರಾತ್ರಿ, ರೈಲಿನಲ್ಲಿ ಒಂದು, ವೆನಿಸ್ ಕಡೆ 3, ರೋಮ್ ಕಡೆ 5. ಮಲಗುವ ಜಾಗಕ್ಕೆ ಅಂತ ಖರ್ಚಾಗಿದ್ದು 1,350 ಯೂರೊ ಆಸುಪಾಸು. ಆಗ ಯೂರೊಗೆ 95-96 ರೂಪಾಯಿ ಇತ್ತು. ತಲೆಗೆ ರಾತ್ರಿಗೆ ಹತ್ತಿರ ಹತ್ತಿರ 2,300 ರೂಪಾಯಿ ಬಿತ್ತು. ಈಗ ಬೆಂಗಳೂರಿನಲ್ಲೇ ಆ ದುಡ್ಡಿಗೆ ಒಳ್ಳೆ ರೂಮು ಹುಡುಕಿ ನೋಡಿ, ಗೊತ್ತಾಗುತ್ತದೆ.

ಇದನ್ನು ಬರೆಯಲು ಕಾರಣ ನಮ್ಮ ಭಾವ. ಅವರು ಟೂರ್ ಕಂಪನಿಯ ಜೊತೆ ಹೋಗಿ ಬಂದವರು, ತಲೆಗೆ ಎರಡೂವರೆ ಲಕ್ಷದ ಮೇಲೆ ಕೊಟ್ಟಿದ್ದರು. ನಾವೇ ರೂಮು ನೋಡಿಕೊಳ್ಳುತ್ತೇವೆ ಎಂದಾಗ, "ಅಮ್ಮನ್ನ ಕರ್ಕೊಂಡು ಹೋಗಿ ಅಲ್ಲಿ ರಸ್ತೇಲಿ ಕೂರಿಸ್ತೀರಾ?" ಅಂದರು. ಕಚೇರಿಯಲ್ಲೂ ಅದೇ ಮಾತು. ಮೇ ತಿಂಗಳಲ್ಲಿ, ಅಡುಗೆಮನೆ ಬೇರೆ ಬೇಕು, ನಾಲ್ಕು ಜನಕ್ಕೆ ನೂರು ಯೂರೊ ಒಳಗೆ ಸಿಗಲು ಸಾಧ್ಯವೇ ಇಲ್ಲ ಅಂತ. ಸಿಕ್ಕಿತು. ಮೂರೂ ಊರಲ್ಲಿ ಸಿಕ್ಕಿತು.

ಆದರೆ ಒಂದೇ ಸಲಕ್ಕೆ ಕೈ ಕುದುರಿದ್ದಲ್ಲ. 2023ರಲ್ಲಿ ನಾವಿಬ್ಬರೇ ಪ್ಯಾರಿಸ್‌ಗೆ ಹೋಗಿದ್ದೆವು. ರಾತ್ರಿಗೆ 30 ಯೂರೊ ಉಳಿಯಿತು ಎಂದು ಊರ ಹೊರಗೆ ಒಂದು ಹೋಟೆಲ್ ಹಿಡಿದಿದ್ದೆ. ವಿಮಾನ ತಡವಾಯಿತು. ಹೋಗುವಷ್ಟರಲ್ಲಿ ರಿಸೆಪ್ಷನ್ ಮುಚ್ಚಿತ್ತು. ಬಾಗಿಲಿನ ಕೋಡ್ ಇಮೇಲ್‌ನಲ್ಲಿ, ಫೋನಿನಲ್ಲಿ ಅಲ್ಲಿನ ಸಿಮ್ ಇಲ್ಲ. ಮಳೆಯಲ್ಲಿ ಮುಕ್ಕಾಲು ಗಂಟೆ ನಿಂತೆವು. ಮೂರನೇ ದಿನ ಕೊನೆಯ ರೈಲು ತಪ್ಪಿತು, ಟ್ಯಾಕ್ಸಿಗೆ 60 ಯೂರೊ ಚಿಲ್ಲರೆ ಹೋಯಿತು. ನಾಲ್ಕು ರಾತ್ರಿಯಲ್ಲಿ ಉಳಿಸಿದ್ದ 120 ಯೂರೊದಲ್ಲಿ ಅರ್ಧ ಅಲ್ಲೇ ಕರಗಿತು. ಉಳಿದಿದ್ದನ್ನು ದಿನಾ ಓಡಾಡಿದ ಟಿಕೆಟ್ ನುಂಗಿತು.

ಅಲ್ಲಿಂದ ಬಂದ ಮೇಲೆ ನಾನು ಊರಿನ ಹೆಸರು ಹಾಕಿ ಹುಡುಕುವುದನ್ನೇ ಬಿಟ್ಟೆ. ರೈಲಿನ ನಕ್ಷೆ ಇಟ್ಟುಕೊಂಡು ಸ್ಟೇಷನ್ ಹೆಸರು ಹಾಕಿ ಹುಡುಕುತ್ತೇನೆ. ಮೊದಲು ನೋಡುವುದು ಕೊನೆಯ ರೈಲು ಎಷ್ಟು ಗಂಟೆಗೆ ಅಂತ. ಆಮೇಲೆ ಸ್ಟೇಷನ್‌ನಿಂದ ಮನೆಗೆ ನಡಿಗೆ, ಎಂಟು ನಿಮಿಷ ದಾಟಬಾರದು. ಆಮೇಲೆ ಬಾಡಿಗೆ. ಬಾಡಿಗೆ ಅಂದರೆ ಪರದೆಯ ಮೇಲೆ ದೊಡ್ಡದಾಗಿ ಕಾಣುವ ಅಂಕಿ ಅಲ್ಲ. ಕ್ಲೀನಿಂಗ್ ಚಾರ್ಜ್, ತಲೆಗಿಷ್ಟು ಅಂತ ಊರಿನವರು ಹಾಕುವ ತೆರಿಗೆ, ನಾಲ್ಕೂ ಜನರ ದಿನದ ಟಿಕೆಟ್, ಎಲ್ಲ ಕೂಡಿಸಿ ರಾತ್ರಿಗಳಿಂದ ಭಾಗಿಸಬೇಕು. ಹೀಗೆ ಲೆಕ್ಕ ಹಾಕಿದರೆ ಅಗ್ಗ ಅಂತ ಕಂಡಿದ್ದರಲ್ಲಿ ಅರ್ಧ ಬಿದ್ದು ಹೋಗುತ್ತದೆ. ಕ್ಲೀನಿಂಗ್‌ಗೆ 70 ಯೂರೊ ಕೇಳುವ ಮನೆಯಲ್ಲಿ ಎರಡು ರಾತ್ರಿ ಇದ್ದರೆ ನಷ್ಟ, ಐದು ರಾತ್ರಿ ಇದ್ದರೆ ಪರವಾಗಿಲ್ಲ. ಅದಕ್ಕೇ ನಾನು ಊರು ಕಡಿಮೆ ಮಾಡಿ ರಾತ್ರಿ ಜಾಸ್ತಿ ಮಾಡಿದ್ದು.

ವಿಯೆನ್ನಾದಲ್ಲಿ ಹಿಡಿದಿದ್ದು ಹತ್ತನೇ ಜಿಲ್ಲೆ ಫಾವೊರಿಟೆನ್‌ನಲ್ಲಿ, ಯು1 ಮೆಟ್ರೊ ಲೈನಿನ ರಾಯ್ಮನ್‌ಪ್ಲಾಟ್ಸ್ ಹತ್ತಿರ. ಅಲ್ಲಿಂದ ಐದನೇ ನಿಲ್ದಾಣವೇ ಸ್ಟೆಫಾನ್ಸ್‌ಪ್ಲಾಟ್ಸ್, ಅಂದರೆ ಊರಿನ ನಡುಮಧ್ಯ. ಮುಖ್ಯ ರೈಲು ನಿಲ್ದಾಣ ಎರಡೇ ಸ್ಟಾಪ್. ನಡೆದು ಹೋಗುವಷ್ಟು ದೂರದಲ್ಲಿ ವಿಕ್ಟರ್ ಆಡ್ಲರ್ ಮಾರುಕಟ್ಟೆ. ತರಕಾರಿ, ಹಣ್ಣು ಊರೊಳಗಿನ ಪ್ರವಾಸಿ ಮಾರುಕಟ್ಟೆಗಿಂತ ಎಷ್ಟೋ ಅಗ್ಗ. ಐದು ರಾತ್ರಿಗೆ ಎಲ್ಲ ಸೇರಿ 430 ಯೂರೊ. ಎರಡು ಕೋಣೆ, ಅಡುಗೆಮನೆ, ಬಟ್ಟೆ ಒಗೆಯುವ ಮಷಿನ್.

ಆದರೆ ಅಲ್ಲೇ ಒಂದು ಪೆಟ್ಟು ತಿಂದೆ. ಜಾಹೀರಾತಿನಲ್ಲಿ "ಮೊದಲ ಮಹಡಿ, ಲಿಫ್ಟ್ ಇಲ್ಲ" ಅಂತಿತ್ತು. ಅತ್ತೆಗೆ ಮೊಣಕಾಲು ನೋವು, ಆದರೂ ಒಂದು ಮಹಡಿ ತಾನೇ, ಹತ್ತಿಸಬಹುದು ಅಂದುಕೊಂಡೆ. ಯುರೋಪಿನಲ್ಲಿ ನೆಲಮಹಡಿ ಲೆಕ್ಕಕ್ಕಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ, ನಮ್ಮಲ್ಲೂ ಹಾಗೇ. ವಿಯೆನ್ನಾದ ಹಳೇ ಕಟ್ಟಡದಲ್ಲಿ ಇನ್ನೂ ಎರಡು ಬಚ್ಚಿಟ್ಟುಕೊಂಡಿರುತ್ತವೆ. ನೆಲದಿಂದ ಸ್ವಲ್ಪ ಮೇಲಿರುವುದಕ್ಕೆ ಹೋಖ್‌ಪಾರ್ಟೆರ್ ಅನ್ನುತ್ತಾರೆ. ಅದರ ಮೇಲೆ ಮೆಜನೀನ್. ಅದೂ ಮುಗಿದ ಮೇಲೆ ಒಂದನೇ ಮಹಡಿ ಶುರು. ನಾನು ಮೆಟ್ಟಿಲು ಎಣಿಸಿದೆ, 61. ಸವೆದು ನಡುವೆ ಕುಳಿ ಬಿದ್ದ ಕಲ್ಲಿನ ಮೆಟ್ಟಿಲು, ಸುರುಳಿ ಸುತ್ತಿಕೊಂಡು ಮೇಲೆ ಹೋಗುವಂಥದ್ದು. ಅತ್ತೆ ಎರಡು ಕಡೆ ಕೂತು ಸುಧಾರಿಸಿಕೊಂಡು ಹತ್ತಿದರು. ಬೈಯಲಿಲ್ಲ. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಮಹಡಿ ಎಷ್ಟು ಅಂತ ಕೇಳುವುದಿಲ್ಲ. ಬೀದಿ ಬಾಗಿಲಿನಿಂದ ಮನೆ ಬಾಗಿಲಿಗೆ ಎಷ್ಟು ಮೆಟ್ಟಿಲು ಅಂತ ಬರೆದು ಕೇಳುತ್ತೇನೆ.

ಬಂದು ಹೋದವರ ಅಭಿಪ್ರಾಯಗಳಲ್ಲಿ ಹೊಗಳಿಕೆ ಓದುವುದಿಲ್ಲ. ಬೈದಿದ್ದನ್ನು ಮಾತ್ರ ಓದುತ್ತೇನೆ, ಅದರಲ್ಲೂ ಬಿಸಿನೀರು, ಮೆಟ್ಟಿಲು, ಬೀದಿ ಗಲಾಟೆ, ಬೀಗ. ಪೀಠೋಪಕರಣ ಹಳೇದು ಅಂತ ನಾಲ್ಕು ಜನ ಬೈದಿದ್ದರೆ ನನಗೆ ಖುಷಿ, ಬಾಡಿಗೆ ಇಳಿದಿರುತ್ತದೆ.

ಅಡುಗೆಮನೆ ಯಾಕೆ ಬೇಕೇ ಬೇಕು ಅಂದರೆ ನಾವು ಸಸ್ಯಾಹಾರಿಗಳು. ಹೊರಗೆ ನಾಲ್ಕು ಜನ ಒಂದು ಹೊತ್ತು ಉಂಡರೆ 50-60 ಯೂರೊ. ಮನೆಯಲ್ಲಿ ಅನ್ನ, ಸಾರು, ಪಲ್ಯಕ್ಕೆ 8-10 ಯೂರೊ ದಾಟಲಿಲ್ಲ. ಊರಿಂದ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಒಯ್ದಿದ್ದೆ. ತುಪ್ಪ ಒಯ್ಯುವಂತಿಲ್ಲ, ಹಾಲಿನ ಪದಾರ್ಥ ಹೊರಗಿನಿಂದ ತರಲು ಐರೋಪ್ಯ ಒಕ್ಕೂಟದವರು ಬಿಡುವುದಿಲ್ಲ. ಅತ್ತೆಗೆ ತುಪ್ಪ ಇಲ್ಲದೆ ಊಟ ಇಳಿಯುವುದಿಲ್ಲ. ಎರಡನೇ ದಿನ ಉಪ್ಪಿಲ್ಲದ ಬೆಣ್ಣೆ ಕಾಲು ಕಿಲೊ ತಂದು ಸಣ್ಣ ಉರಿಯಲ್ಲಿಟ್ಟೆ. ಇಪ್ಪತ್ತು ನಿಮಿಷಕ್ಕೆ ತುಪ್ಪ ಆಯಿತು, ಆರಿದ ಮೇಲೆ ಮರಳು ಮರಳು. ಕೊನೆಗೆ ಹಾಕಲು ವೀಳ್ಯದೆಲೆ ಇರಲಿಲ್ಲ, ಎರಡು ಮೆಂತೆಕಾಳು ಹಾಕಿದೆ. ಪರಿಮಳಕ್ಕೆ ಮಗಳು ಓಡಿ ಬಂದಳು. ನಮ್ಮ ಪೇಟೆಯ ಬೆಣ್ಣೆಯಲ್ಲಿ ಅಷ್ಟು ಚೆನ್ನಾಗಿ ಬಂದಿದ್ದು ನನಗೆ ನೆನಪಿಲ್ಲ. ಆದರೆ ಒಗ್ಗರಣೆ ಹಾಕುವಾಗ ಜೋಪಾನ. ಒಣಮೆಣಸಿನ ಘಾಟು ಏಳುತ್ತಿದ್ದಂತೆ ಚಾವಣಿಯ ಹೊಗೆ ಅಲಾರಂ ಕೂಗಿಕೊಂಡಿತು. ನಮ್ಮ ಮನೆಯವರು ಕುರ್ಚಿ ಹತ್ತಿ ಟವೆಲ್ ಬೀಸಿದರು. ಅಲ್ಲಿಂದ ಮುಂದೆ ಕಿಟಕಿ ಪೂರ್ತಿ ತೆರೆದು, ಮಲಗುವ ಕೋಣೆಯ ಬಾಗಿಲು ಹಾಕಿ, ಒಗ್ಗರಣೆ ಸೌಟನ್ನು ಮುಚ್ಚಿಯೇ ಒಗ್ಗರಣೆ.

ಮೇ 1 ರಜೆ, ಭಾನುವಾರವೂ ಅಂಗಡಿ ಬಂದ್. ಹಾಲು, ಮೊಸರು ಹಿಂದಿನ ದಿನವೇ ತಂದಿಟ್ಟುಕೊಳ್ಳಬೇಕು.

ನಡುವೆ ಎರಡು ಪ್ರಯತ್ನ ಮಾಡಿದ್ದೆ, ಎರಡೂ ಕೈಗೂಡಲಿಲ್ಲ. ವಿಯೆನ್ನಾದಲ್ಲಿ ವಿದ್ಯಾರ್ಥಿ ನಿಲಯಗಳು ಬೇಸಿಗೆಯಲ್ಲಿ ಹೋಟೆಲ್ ಆಗುತ್ತವೆ, ಬಾಡಿಗೆ ಒಳ್ಳೇದು. ಆದರೆ ಅದು ಜುಲೈಯಿಂದ ಸೆಪ್ಟೆಂಬರ್. ನಮ್ಮ ಮಕ್ಕಳ ರಜೆ ಏಪ್ರಿಲ್, ಮೇ. ಎರಡಕ್ಕೂ ಹೊಂದುವುದಿಲ್ಲ. ಇನ್ನೊಂದು ರೋಮ್‌ನ ಕಾನ್ವೆಂಟುಗಳು. ಸನ್ಯಾಸಿನಿಯರು ನಡೆಸುವ ಅತಿಥಿಗೃಹಗಳಿವೆ, ಸ್ವಚ್ಛ, ಸುರಕ್ಷಿತ, ರಾತ್ರಿ ಇಷ್ಟು ಹೊತ್ತಿನೊಳಗೆ ಬರಬೇಕು ಅನ್ನುವ ನಿಯಮ ಇರುತ್ತದೆ. ಏಳೆಂಟು ಕಡೆ ಬರೆದೆ. 2025 ಕ್ಯಾಥೊಲಿಕರ ಜ್ಯೂಬಿಲಿ ವರ್ಷ, ಎಲ್ಲ ಕಡೆ ಯಾತ್ರಿಕರು ತುಂಬಿದ್ದರು. ಬೇರೆ ವರ್ಷ ಹೋಗುವವರು ಖಂಡಿತ ಕೇಳಿ ನೋಡಿ.

ವಿಯೆನ್ನಾದಿಂದ ವೆನಿಸ್‌ಗೆ ನೈಟ್‌ಜೆಟ್ ರಾತ್ರಿ ರೈಲು. ಕುಶೆಟ್‌ನಲ್ಲಿ, ಅಂದರೆ ಮಲಗುವ ಬರ್ತ್ ಇರುವ ಬೋಗಿಯಲ್ಲಿ, ನಾಲ್ಕು ಜನಕ್ಕೆ 260 ಯೂರೊ ಇರಬೇಕು. ಇದನ್ನು ಮಲಗುವ ಖರ್ಚಿಗೇ ಹಾಕಿದ್ದೇನೆ, ಪ್ರಯಾಣವೂ ಅದರಲ್ಲೇ ಮುಗಿಯಿತಲ್ವಾ. ಹೊದಿಕೆ, ದಿಂಬು, ಬೆಳಿಗ್ಗೆ ಬ್ರೆಡ್ಡು, ಜಾಮು, ಕಾಫಿ ಅವರದ್ದೇ. ಮಗಳಿಗೆ ಇಡೀ ಪ್ರವಾಸದಲ್ಲಿ ಇಷ್ಟವಾಗಿದ್ದು ಇದೇ.

ವೆನಿಸ್‌ನಲ್ಲಿ ದ್ವೀಪದ ಒಳಗೆ ಉಳಿಯುವ ಆಸೆ ಬಿಟ್ಟುಬಿಡಿ, ಸೂಟ್‌ಕೇಸ್ ಎತ್ತಿಕೊಂಡು ಸೇತುವೆ ಹತ್ತಿ ಇಳಿಯುವ ಕಷ್ಟ ಬೇರೆ. ಈಚೆ ದಡದ ಮೆಸ್ತ್ರೆಯಲ್ಲಿ ಸ್ಟೇಷನ್ ಹತ್ತಿರ 3 ರಾತ್ರಿಗೆ 285 ಯೂರೊ, ತೆರಿಗೆ ಸೇರಿ. ಅಲ್ಲಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ದ್ವೀಪದ ಸ್ಟೇಷನ್ ಸಾಂತಾ ಲೂಚಿಯಾ, ಹೊರಗೆ ಕಾಲಿಟ್ಟರೆ ಊರಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್. ಟಿಕೆಟ್ ಆಗ ಒಂದೂವರೆ ಯೂರೊ ಆಸುಪಾಸು. ಮೆಸ್ತ್ರೆಯೂ ವೆನಿಸ್ ನಗರಸಭೆಗೇ ಸೇರಿದ್ದು. ಹಾಗಾಗಿ ಅಲ್ಲಿ ಉಳಿದವರಿಗೆ ದಿನದ ಪ್ರವಾಸಿಗರ ಮೇಲೆ ಕೆಲವು ದಿನ ಹಾಕುವ ಪ್ರವೇಶ ಶುಲ್ಕ ಇಲ್ಲ. ಬಾಂಗ್ಲಾದೇಶದವರ ಅಂಗಡಿಗಳಿವೆ, ಹಸಿಮೆಣಸು, ಕೊತ್ತಂಬರಿ, ಬೇಳೆ ಎಲ್ಲ ಸಿಕ್ಕಿತು.

ಈಗ ರೋಮ್. ಅಲ್ಲಿನ ಮುಖ್ಯ ರೈಲು ನಿಲ್ದಾಣ ಟರ್ಮಿನಿ ಹತ್ತಿರ ಒಂದು ಮನೆಯನ್ನು ಫೆಬ್ರವರಿಯಲ್ಲೇ ಹಿಡಿದಿದ್ದೆ. 5 ರಾತ್ರಿಗೆ 520 ಯೂರೊ. ಏಪ್ರಿಲ್ 21ಕ್ಕೆ ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಹೊಸ ಪೋಪ್ ಆಯ್ಕೆ ಮೇ 7ರಿಂದ ಎಂದು ಆಮೇಲೆ ಗೊತ್ತಾಯಿತು, ನಾವು ಹೋಗುವುದು 8ಕ್ಕೆ. ಹೊರಡಲು ನಾಲ್ಕು ದಿನ ಇರುವಾಗ ಆ ಮನೆಯ ಮಾಲೀಕರಿಂದ ಸಂದೇಶ ಬಂತು: ನಲ್ಲಿ ಒಡೆದಿದೆ, ಬುಕಿಂಗ್ ರದ್ದು. ಮರುದಿನ ಅದೇ ಮನೆ ಅದೇ ತಾರೀಕಿಗೆ 1,100ಕ್ಕೆ ಕಾಣಿಸಿತು. ಹೊಟ್ಟೆ ಉರಿದುಹೋಯಿತು. ದುಡ್ಡು ವಾಪಸ್ ಬಂತು, ನಿಜ. ಜಾಗ ಎಲ್ಲಿಂದ ತರಲಿ? ಇಟಲಿಯಲ್ಲೇ ಹೆಚ್ಚು ರಾತ್ರಿ ಅಂತ ವೀಸಾ ಇಟಲಿಯಿಂದಲೇ ಪಡೆದಿದ್ದೆವು, ಆ ಮನೆಯ ಬುಕಿಂಗ್ ಕಾಗದವನ್ನೇ ಅರ್ಜಿಗೆ ಲಗತ್ತಿಸಿದ್ದೆ. ಭಾವನಿಗೆ ಹೇಳಲೇ ಇಲ್ಲ.

ಆ ರಾತ್ರಿ ಮತ್ತೆ ರೈಲಿನ ನಕ್ಷೆ ತೆಗೆದೆ. ಟರ್ಮಿನಿಯಿಂದ ಚಿವಿತವೆಕಿಯಾ ಕಡೆ ಹೋಗುವ ಎಫ್‌ಎಲ್5 ಲೈನ್ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಸ್ಟೇಷನ್ ಹುಡುಕಿದೆ. ಆ ರೈಲು ಸಾನ್ ಪಿಯೆತ್ರೊದಲ್ಲಿ ನಿಲ್ಲುತ್ತದೆ, ಅಲ್ಲಿಂದ ವ್ಯಾಟಿಕನ್‌ನ ಸಂತ ಪೀಟರ್ ಚರ್ಚಿಗೆ ಕಾಲು ಗಂಟೆ ನಡಿಗೆ. ಅದೇ ಲೈನಿನಲ್ಲಿ ಇನ್ನೂ ಮುಂದೆ ಲಾಡಿಸ್ಪೋಲಿ, ಸಮುದ್ರದ ದಂಡೆಯ ಊರು. ರೋಮ್‌ನವರು ಬೇಸಿಗೆಯಲ್ಲಿ ಸ್ನಾನಕ್ಕೆ ಹೋಗುವ ಜಾಗ, ಮೇ ಮೊದಲಲ್ಲಿ ಅರ್ಧ ಖಾಲಿ. ಮೂರು ಮನೆಯವರಿಗೆ ನೇರವಾಗಿ ಸಂದೇಶ ಬರೆದೆ. ಆ ಸಂದೇಶದಲ್ಲಿ ಏನು ಬರೆಯುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಬಂಡವಾಳ. ಇಬ್ಬರು ಬಾಡಿಗೆ ಇಳಿಸಿದರು. 5 ರಾತ್ರಿಗೆ 375 ಯೂರೊ, ಬಾಲ್ಕನಿಯಿಂದ ಸಮುದ್ರ ಕಾಣುವ ಮನೆ, ಲಿಫ್ಟ್ ಸಮೇತ. ಊರೊಳಗೆ ಹಿಡಿದಿದ್ದಕ್ಕಿಂತ 145 ಯೂರೊ ಕಡಿಮೆ. ರೈಲು ಟಿಕೆಟ್ ಒಂದು ಕಡೆಗೆ ಮೂರೂವರೆ ಯೂರೊ ಹತ್ತಿರ, ಹಾಗಾಗಿ ಮೂರು ದಿನ ರೋಮ್, ಎರಡು ದಿನ ಸಮುದ್ರ ಅಂತ ಮಾಡಿಕೊಂಡೆವು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಮಷಿನ್‌ನಲ್ಲಿ ಮುದ್ರೆ ಒತ್ತಿಸಿಕೊಳ್ಳಿ, ಇಲ್ಲದಿದ್ದರೆ ದಂಡ.

ಮೇ 8ರ ಸಂಜೆ ಟರ್ಮಿನಿಯಿಂದ ಆ ರೈಲು ಹತ್ತಿದೆವು. ಕಾಲಿಡಲು ಜಾಗವಿಲ್ಲ. ಆರು ಗಂಟೆ ದಾಟಿತ್ತು. ಇದ್ದಕ್ಕಿದ್ದಂತೆ ಎಲ್ಲರ ಫೋನೂ ಒಟ್ಟಿಗೆ ಸದ್ದು ಮಾಡಿದವು. ಒಬ್ಬ ಹೆಂಗಸು ಎದೆ ಮೇಲೆ ಕೈಯಿಟ್ಟು "ಬಿಯಾಂಕಾ, ಬಿಯಾಂಕಾ" ಅಂದಳು. ಬಿಳಿ ಹೊಗೆ, ಅಂದರೆ ಹೊಸ ಪೋಪ್ ಆಯ್ಕೆ ಆಯಿತು ಅಂತ. ಸಾನ್ ಪಿಯೆತ್ರೊದಲ್ಲಿ ಬಾಗಿಲು ತೆರೆದಿದ್ದೇ ತಡ, ಬೋಗಿ ಖಾಲಿ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದವರೂ ಇದ್ದರು. ಅತ್ತೆಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾವು ಲಾಡಿಸ್ಪೋಲಿ ತಲುಪಿ ಅನ್ನಕ್ಕಿಟ್ಟಾಗ ಕೆಳಗಿನ ಮನೆಯ ಟಿವಿಯಲ್ಲಿ ಹೊಸ ಪೋಪ್ ಹೆಸರು ಹೇಳುತ್ತಿದ್ದರು, ಹದಿನಾಲ್ಕನೇ ಲಿಯೊ.

ಮರುದಿನ ದಂಡೆಗೆ ಹೋದರೆ ಮರಳು ಕಪ್ಪು, ಕೈಯಲ್ಲಿ ಹಿಡಿದರೆ ಕಬ್ಬಿಣದ ಪುಡಿಯ ಹಾಗೆ. ನನ್ನ ತವರು ಕುಮಟಾ. ಕಾರವಾರದ ಆಚೆ ಮಾಜಾಳಿಯ ತಿಳಮಾತಿಯಲ್ಲಿ ಎಳ್ಳಿನಂಥ ಕಪ್ಪು ಮರಳು ನೋಡಿದ್ದೆ. ಅತ್ತೆಗೆ ಅದನ್ನೇ ಹೇಳಿದೆ. ಅವರು ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟು ಒಂದು ಗಂಟೆ ಅಲ್ಲೇ ನಿಂತರು.

ದುಡ್ಡಿನ ವಿಷಯ ಇನ್ನೆರಡು. ಕಾರ್ಡ್ ಉಜ್ಜುವಾಗ ಮಷಿನ್ ರೂಪಾಯಿಯೋ ಯೂರೊವೋ ಅಂತ ಕೇಳುತ್ತದೆ. ಯಾವಾಗಲೂ ಯೂರೊ ಒತ್ತಿ, ರೂಪಾಯಿ ಒತ್ತಿದರೆ ಅವರ ದರ ಬೀಳುತ್ತದೆ. ಒಮ್ಮೆ ಮೆಸ್ತ್ರೆಯಲ್ಲಿ ಅವಸರಕ್ಕೆ ರೂಪಾಯಿ ಒತ್ತಿ 600 ರೂಪಾಯಿ ಜಾಸ್ತಿ ಕೊಟ್ಟೆವು. ವೀಸಾಗೆ ಕೊಡುವಾಗ ನಿಜವಾದ ಬುಕಿಂಗ್ ಕೊಡಿ, ರದ್ದು ಮಾಡಬಹುದಾದದ್ದನ್ನೇ ಹಿಡಿಯಿರಿ. ವೀಸಾ ಬಂದ ಮೇಲೆ ಮತ್ತೆ ಹುಡುಕಿ, ಕಡಿಮೆಗೆ ಸಿಕ್ಕರೆ ಬದಲಾಯಿಸಿ, ಹೊಸ ಕಾಗದ ಜೊತೆಗಿಟ್ಟುಕೊಳ್ಳಿ. ವಿಯೆನ್ನಾದ ಮನೆಯಲ್ಲಿ ಹೀಗೇ 90 ಯೂರೊ ಇಳಿಯಿತು. ಎಷ್ಟು ದಿನ ಮೊದಲು, ಯಾವ ಹೊತ್ತಿಗೆ ನೋಡುತ್ತೇನೆ ಎನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬಾಗಿಲಿನ ಕೋಡ್ ಮಾತ್ರ ಕಾಗದದಲ್ಲಿ ಬರೆದು ಇಬ್ಬರ ಪರ್ಸಿನಲ್ಲೂ ಇಡಿ.

ಕಳೆದ ತಿಂಗಳು ಭಾವ ಫೋನ್ ಮಾಡಿದ್ದರು. ಬರುವ ವರ್ಷ ಪ್ರಾಗ್‌ಗೆ ಹೋಗಬೇಕಂತೆ, ಆರು ಜನ, ರೂಮು ನೋಡಿಕೊಡು ಅಂದರು. ಅಕ್ಕನಿಗೂ ಮೊಣಕಾಲು ನೋವು. ಸದ್ಯ ಮೆಟ್ರೊ ಹತ್ತಿರ ಎರಡು ಮನೆ ಗುರುತು ಹಾಕಿದ್ದೇನೆ, ಎಷ್ಟು ಮೆಟ್ಟಿಲು ಅಂತ ಕೇಳಿ ಬರೆದಿದ್ದೇನೆ. ಒಬ್ಬರಿಂದ ಉತ್ತರ ಬಂದಿದೆ: ಒಂಬತ್ತು.