ಕಲಬುರಗಿಯಿಂದ ಬೀದರ್‌ಗೆ ಫ್ಲೈಟ್ ಪ್ಲಾನ್ ಹಾಕಿ ಸಿಮ್ಯುಲೇಟರ್‌ಗೆ ಎಕ್ಸ್‌ಪೋರ್ಟ್ ಮಾಡೋದು ಹ್ಯಾಂಗ

ನಮ್ಮ ಕಲಬುರಗಿ ಕಡಿ ಫ್ಲೈಟ್ ಸಿಮ್ಯುಲೇಟರ್ ಹಾರ್ಸೋ ಹುಡುಗ್ರು, ಪೈಲಟ್ ಟ್ರೇನಿಂಗಿಗೆ ಸೇರಬೇಕಂತ ಓದ್ಲತ್ತೋರು ಈಗ ಸುಮಾರು ಮಂದಿ ಆಗ್ಯಾರ, ಅವ್ರಿಗಂತಲೇ ಇದು ಬರೀಲತ್ತೀನಿ. ಭಾಳ ಮಂದಿ ಏನು ಮಾಡ್ತಾರಂದ್ರ ಸಾಫ್ಟ್‌ವೇರ್ ತೆಗೀತಾರ, ಎರಡು ಏರ್‌ಪೋರ್ಟ್ ಹಾಕ್ತಾರ, ನಡುವ ಒಂದು ಗೆರಿ ಬರ್ತದ, ಎಕ್ಸ್‌ಪೋರ್ಟ್ ಒತ್ತಿ ಹಾರಿಬಿಡ್ತಾರ. ಆ ಗೆರಿ ಯಾವ ದಿಕ್ಕಿಗೆ ಹೊಂಟದ, ಯಾವ ಎತ್ತರದಾಗ ಹೋಗ್ಬೇಕು, ಎಷ್ಟು ಫ್ಯುಯೆಲ್ ಬೇಕು, ಇದನ್ನ ಒಂದೊಂದು ಲೆಗ್ (ಒಂದು ಪಾಯಿಂಟಿನಿಂದ ಮುಂದಿನ ಪಾಯಿಂಟಿನ ತನಕ ಇರೋ ದಾರಿ) ಹಿಡ್ಕೊಂಡು ನೋಡಿದ್ರನೇ ಪ್ಲಾನಿಂಗ್ ಕೈಗೆ ಹತ್ತೋದು. ಅದಕ್ಕ ಒಂದು ಸಣ್ಣ ರೂಟ್ ತಗೊಳ್ಳೋಣು, ಕಲಬುರಗಿಯಿಂದ ಹುಮನಾಬಾದ್ ಮ್ಯಾಲಿಂದ ಬೀದರ್, ವಿಮಾನ ಸೆಸ್ನಾ 172, ಕಣ್ಣಿಗೆ ನೆಲ ಕಾಣಂಗ ಹಾರೋ ವಿಎಫ್‌ಆರ್ ಫ್ಲೈಟ್.

ಮೊದ್ಲೇ ಒಂದು ಮಾತು. ಇದು ಸಿಮ್ಯುಲೇಟರಿಗೆ ಮತ್ತ ಕಲಿಯೋದಕ್ಕ ಮಾತ್ರ. ಬೀದರ್ ಏರ್‌ಪೋರ್ಟ್ ಅಂದ್ರ ಏರ್‌ಫೋರ್ಸ್ ಸ್ಟೇಷನ್, ಹಾಕ್ ವಿಮಾನದ ಮ್ಯಾಲ ಫೈಟರ್ ಪೈಲಟ್‌ಗಳಿಗೆ ಟ್ರೇನಿಂಗ್ ಕೊಡೋ ಜಾಗ, ಸೂರ್ಯಕಿರಣ್ ಟೀಮಿನ ಮನಿ ಸೈತ ಅದೇ. ಖರೇ ವಿಮಾನ ಹಾರ್ಸೋದಾದ್ರ ಫ್ಲೈಟ್ ಪ್ಲಾನ್ ಫೈಲ್ ಮಾಡಿ ಎಡಿಸಿ (ಏರ್ ಡಿಫೆನ್ಸ್ ಕ್ಲಿಯರೆನ್ಸ್) ನಂಬರ್, ಎಫ್‌ಐಸಿ (ಫ್ಲೈಟ್ ಇನ್ಫರ್ಮೇಶನ್ ಸೆಂಟರ್) ನಂಬರ್ ತಗೋಬೇಕು, ಇನ್‌ಸ್ಟ್ರಕ್ಟರ್ ಸಹಿ ಬೇಕು, ಚಾರ್ಟ್ ಅನ್ನೋದು ಏರ್‌ಪೋರ್ಟ್ಸ್ ಅಥಾರಿಟಿಯ ಎಐಪಿ (ವಿಮಾನ ಹಾರಾಟದ ಅಧಿಕೃತ ಮಾಹಿತಿ ಪುಸ್ತಕ) ಒಳಗಿಂದೇ ನೋಡ್ಬೇಕು. ಸಿಮ್ಯುಲೇಟರ್ ಡೇಟಾ ಅಲ್ಲಿ ನಡೆಯಂಗಿಲ್ಲ.

ಸಾಫ್ಟ್‌ವೇರ್ ಅಂದ್ರ ನಾನು ಹೇಳೋದು ಲಿಟಲ್ ನ್ಯಾವ್‌ಮ್ಯಾಪ್. ಪೂರ್ತಿ ಫ್ರೀ ಅದ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಾಗೂ ನಡೀತದ, ಮತ್ತ ನಿಮ್ಮ ಹತ್ರ ಸಿಮ್ಯುಲೇಟರ್ ಇಲ್ಲಂದ್ರೂ ಅದರ ಜೋಡಿನೇ ಬರೋ ನ್ಯಾವಿಗ್ರಾಫ್ ಕಂಪನಿಯ ನ್ಯಾವಿಗೇಶನ್ ಡೇಟಾ ಇಟ್ಕೊಂಡು ಪ್ಲಾನ್ ಹಾಕಿ ಕಲೀಬಹುದು, ಡೇಟಾ ಹಳೇದಿರ್ತದ ಅಷ್ಟೇ. ಸಿಮ್ಯುಲೇಟರ್ ಇದ್ದೋರು ಮೊದಲ ಸಲ ತೆಗೆದ ಕೂಡ್ಲೇ ಸೀನರಿ ಲೈಬ್ರರಿ ಮೆನುದಾಗ ಲೋಡ್ ಸೀನರಿ ಲೈಬ್ರರಿ ಒತ್ರಿ, ಅದು ನಿಮ್ಮ ಸಿಮ್ಯುಲೇಟರ್ ಒಳಗ ಏನೇನು ಏರ್‌ಪೋರ್ಟ್ ಅವ ಅಂತ ಓದ್ಕೋತದ, ಸ್ವಲ್ಪ ಟೈಮ್ ಹಿಡೀತದ, ನಡುವ ಬಂದ್ ಮಾಡಬ್ಯಾಡ್ರಿ. ಈ ಹೆಜ್ಜಿ ಯಾಕ ಬೇಕಂದ್ರ ನಮ್ಮ ಕಲಬುರಗಿ ಏರ್‌ಪೋರ್ಟ್ ಶುರು ಆಗಿದ್ದೇ 2019ರ ನವೆಂಬರ್ 22ಕ್ಕ, ಬೀದರ್‌ನಾಗ ಸಿವಿಲ್ ವಿಮಾನ ಶುರು ಆಗಿದ್ದು 2020ರ ಫೆಬ್ರವರಿದಾಗ. ಹಳೇ ಡೇಟಾ ಇದ್ರ ಕಲಬುರಗಿ ಸಿಗದೇ ಇರಬಹುದು, ಇಲ್ಲಾ ಗುಲ್ಬರ್ಗಾ ಅನ್ನೋ ಹಳೇ ಹೆಸರಿನಾಗ ಇರಬಹುದು, ಹಂಗಾಗಿ ಹೆಸರು ಹಾಕಿ ಹುಡುಕೋದು ಬಿಟ್ಟು ಏರ್‌ಪೋರ್ಟಿನ ನಾಲ್ಕು ಇಂಗ್ಲಿಷ್ ಅಕ್ಷರದ ಕೋಡ್ ಹಾಕಿ ಹುಡುಕ್ರಿ. ಕಲಬುರಗಿ ವಿಒಜಿಬಿ (VOGB), ಬೀದರ್ ವಿಒಬಿಆರ್ (VOBR), ಬೆಂಗಳೂರು ವಿಒಬಿಎಲ್, ಹೈದರಾಬಾದ್ ಶಮ್ಶಾಬಾದ್ ವಿಒಹೆಚ್‌ಎಸ್.

ಸರ್ಚ್ ವಿಂಡೋದಾಗ ಏರ್‌ಪೋರ್ಟ್ ಟ್ಯಾಬಿಗೆ ಹೋಗಿ ವಿಒಜಿಬಿ ಹೊಡೀರಿ, ಬಂದ ಸಾಲಿನ ಮ್ಯಾಲ ರೈಟ್ ಕ್ಲಿಕ್ ಮಾಡಿ ಡಿಪಾರ್ಚರ್ ಅಂತ ಸೆಟ್ ಮಾಡ್ರಿ, ಹಂಗೇ ವಿಒಬಿಆರ್‌ಗೆ ಡೆಸ್ಟಿನೇಶನ್. ಮ್ಯಾಪಿನ ಮ್ಯಾಲ ಗೆರಿ ಬಂತು, ಸುಮಾರು 47 ನಾಟಿಕಲ್ ಮೈಲಿ, ಅಂದ್ರ 87 ಕಿಲೋಮೀಟರ್, ದಿಕ್ಕು 40 ಡಿಗ್ರಿ ಹತ್ರ, ಈಶಾನ್ಯಕ್ಕ. ಕಲಬುರಗಿ ರನ್‌ವೇ 09 ಮತ್ತ 27, ಉದ್ದ 3175 ಮೀಟರ್, ಸೆಸ್ನಾಕ್ಕ ಬೇಕಾದಷ್ಟು ಅದ. ಆದ್ರ ಈ ನೇರ ಗೆರಿ ಕೆಳಗ ಗುರುತು ಹಿಡಿಯೋ ಅಂಥದ್ದು ಏನೂ ಇಲ್ಲ, ಹೊಲ ಬಿಟ್ರ ಹೊಲ. ವಿಎಫ್‌ಆರ್‌ದಾಗ ನಾವು ಎಲ್ಲಿದೀವಿ ಅನ್ನೋದು ಕಿಟಕಿ ಹೊರಗ ನೋಡಿ ಹೇಳಕ್ಕ ಬರಬೇಕು. ಅದಕ್ಕ ಹುಮನಾಬಾದ್ ಹಾಕೋದು. ಹೈವೇ 50 ಕಾಣ್ತದ, 2017ರಾಗ ಶುರು ಆದ ಕಲಬುರಗಿ–ಬೀದರ್ ರೈಲ್ವೆ ಹಳಿ ಕಾಣ್ತದ, ಊರು ದಾಟಿ ಬೀದರ್ ಕಡಿ ಹೊಳ್ಳಿದ ಮ್ಯಾಲ ಕಾರಂಜಾ ಡ್ಯಾಮಿನ ನೀರು ಕಾಣ್ತದ. ನಾಲ್ಕೈದು ನಾಟಿಕಲ್ ಮೈಲಿ ಜಾಸ್ತಿ ಆಗ್ತದ, ಆಗ್ಲಿ, ಅದಕ್ಕ ತಕ್ಕಂಗ ದಾರಿ ತಪ್ಪೋ ಭಯ ಕಮ್ಮಿ.

ಹುಮನಾಬಾದ್ ಸೇರ್ಸೋದು ಎರಡು ತರ ಅದ. ಗೆರಿ ಮ್ಯಾಲ ಕ್ಲಿಕ್ ಮಾಡಿ ಹಿಡ್ಕೊಂಡು ಊರಿನ ಮ್ಯಾಲ ಎಳೆದು ಬಿಡಬಹುದು, ಇಲ್ಲಾ ಊರಿನ ಮ್ಯಾಲ ರೈಟ್ ಕ್ಲಿಕ್ ಮಾಡಿ ಪೊಸಿಷನ್ ಆಡ್ ಮಾಡಬಹುದು. ಇಲ್ಲಿ ಸ್ವಲ್ಪ ನಿಂತು ಓದ್ರಿ, ಯಾಕಂದ್ರ ಸುಮಾರು ಮಂದಿ ಗೂಗಲ್ ಮ್ಯಾಪಿನಿಂದ ನಂಬರ್ ಕಾಪಿ ಮಾಡಿ ವಿಮಾನದ ಬಾಕ್ಸಿಗೆ (ದಾರಿ ತೋರ್ಸೋ ಯಂತ್ರಕ್ಕ) ಹಾಕ್ತಾರ, ಅಲ್ಲಿ ತಪ್ಪಾಗ್ತದ. ಗೂಗಲ್ ಮ್ಯಾಪಿನಾಗ ಹುಮನಾಬಾದ್ 17.77, 77.13 ಹಿಂಗ ಬರ್ತದ, ಇದು ದಶಾಂಶದ ಡಿಗ್ರಿ. ವಿಮಾನದ ಜಿಪಿಎಸ್, ಎಫ್‌ಎಂಸಿ (ದೊಡ್ಡ ವಿಮಾನದಾಗ ದಾರಿ ಲೆಕ್ಕ ಇಡೋ ಕಂಪ್ಯೂಟರ್) ಎಲ್ಲಾ ಕೇಳೋದು ಡಿಗ್ರಿ ಮತ್ತ ಮಿನಿಟ್. ಪಾಯಿಂಟಿನ ಮುಂದಿನ ಭಾಗಕ್ಕ 60ರಿಂದ ಗುಣಿಸಬೇಕು, 0.77 ಅಂದ್ರ 46.2 ಮಿನಿಟ್, 0.13 ಅಂದ್ರ 7.8 ಮಿನಿಟ್. ಅಂದ್ರ ಉತ್ತರ 17 ಡಿಗ್ರಿ 46.2, ಪೂರ್ವ 77 ಡಿಗ್ರಿ 07.8. 17 ಡಿಗ್ರಿ 77 ಅಂತ ಹೊಡೆದ್ರ ಬಾಕ್ಸ್ ತಗೊಳ್ಳಂಗಿಲ್ಲ, ಮಿನಿಟ್ 60 ದಾಟಂಗಿಲ್ಲ, ಹಂಗಾಗಿ ಅಲ್ಲಿ ಬಚಾವ್. ಆದ್ರ 77 ಡಿಗ್ರಿ 13 ಅಂತ ಹೊಡೆದ್ರ ಏನೂ ತಕರಾರಿಲ್ಲದೇ ತಗೋತದ, ನಿಮ್ಮ ಹುಮನಾಬಾದ್ 9 ಕಿಲೋಮೀಟರ್ ಪೂರ್ವಕ್ಕ ಸರದು ಹೊಲದಾಗ ಹೋಗಿ ಕೂಡ್ತದ. ಆಮ್ಯಾಲ ಆ ಪಾಯಿಂಟಿಗೆ ಎಚ್‌ಎಂಎನ್ ಅಂತ ಸಣ್ಣ ಹೆಸರು ಕೊಡ್ರಿ, ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಾಗೇ ಕೊಡ್ರಿ.

ಈಗ ಎತ್ತರ. ಮೊದಲ ಲೆಗ್ ಸುಮಾರು 19 ಡಿಗ್ರಿ, ಎರಡನೇದು 68 ಡಿಗ್ರಿ, ಎರಡೂ ಪೂರ್ವದ ಅರ್ಧದಾಗ ಬರ್ತಾವ. 0ರಿಂದ 179 ಡಿಗ್ರಿ ಮ್ಯಾಗ್ನೆಟಿಕ್ ಟ್ರ್ಯಾಕ್ (ದಿಕ್ಸೂಚಿ ಪ್ರಕಾರ ಹೋಗೋ ದಿಕ್ಕು) ಇದ್ರ ಬೆಸ ಸಾವಿರ ಅಡಿ, 180ರಿಂದ 359 ಇದ್ರ ಸಮ ಸಾವಿರ, ವಿಎಫ್‌ಆರ್ ಆದ್ರ ಅದಕ್ಕ 500 ಕೂಡ್ಸಬೇಕು. ಎದುರಾಬದುರಾ ಬರೋ ವಿಮಾನ ಒಂದೇ ಎತ್ತರದಾಗ ಸಿಗಬಾರ್ದು ಅಂತ ಈ ನಿಯಮ. ಹಂಗಾಗಿ 3500 ಇಲ್ಲಾ 5500. ಬೀದರ್ ಏರ್‌ಪೋರ್ಟೇ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 2200 ಅಡಿ ಮ್ಯಾಲದ, ಕಲಬುರಗಿಗಿಂತ ಎತ್ತರ, 3500 ಹಿಡಿದ್ರ ಅಲ್ಲಿ ನೆಲ ಭಾಳ ಹತ್ರ ಬರ್ತದ. 5500 ಹಾಕ್ರಿ. ಕೆಳಗ ಎಲಿವೇಶನ್ ಪ್ರೊಫೈಲ್ ಅಂತ ಒಂದು ವಿಂಡೋ ಅದ, ಅದನ್ನ ತೆಗೆದು ಇಟ್ರ ನೆಲ ಹ್ಯಾಂಗ ಏರ್ತದ, ನಿಮ್ಮ ಗೆರಿ ಎಲ್ಲಿ ಇಳೀಲಿಕ್ಕ ಶುರು ಮಾಡ್ತದ ಎಲ್ಲಾ ಅಡ್ಡಕ್ಕ ಕೊಯ್ದಂಗ ಕಾಣ್ತದ. ಬೀದರ್ ಪ್ಯಾಟರ್ನ್‌ಗೆ (ಇಳಿಯೋ ಮುಂಚೆ ರನ್‌ವೇ ಸುತ್ತ ಹಾಕೋ ಸುತ್ತು) ನೆಲದಿಂದ ಸಾವಿರ ಅಡಿ ಅಂದ್ರ ಎತ್ತರ ತೋರ್ಸೋ ಆಲ್ಟಿಮೀಟರಿನಾಗ 3200 ಅಡಿ ಕಾಣ್ಬೇಕು, ಇದನ್ನ ಕಾಗದದ ಮ್ಯಾಲ ಬರ್ದಿಟ್ಕೊಳ್ರಿ.

ಫ್ಯುಯೆಲ್ ಲೆಕ್ಕಕ್ಕ ಏರ್‌ಕ್ರಾಫ್ಟ್ ಪರ್ಫಾರ್ಮೆನ್ಸ್ ಫೈಲ್ (ವಿಮಾನದ ಸ್ಪೀಡ್, ಫ್ಯುಯೆಲ್ ಖರ್ಚು ಬರ್ದಿಡೋ ಫೈಲ್) ಬೇಕು. ಕ್ರೂಸ್ ಸ್ಪೀಡ್ 110 ನಾಟ್ (ಗಂಟೆಗೆ 110 ನಾಟಿಕಲ್ ಮೈಲಿ), ಗಂಟೆಗೆ 9 ಗ್ಯಾಲನ್ ಅಂತ ಹಾಕ್ರಿ, ಸೆಸ್ನಾಕ್ಕ ಇದು ನ್ಯಾಯವಾದ ಅಂಕಿ. 52 ನಾಟಿಕಲ್ ಮೈಲಿಗೆ 28 ನಿಮಿಷ ಬರ್ತದ, ಅಂದ್ರ ಸುಮಾರು 4.2 ಗ್ಯಾಲನ್. ಟ್ಯಾಕ್ಸಿ ಮತ್ತ ಮ್ಯಾಲ ಏರೋದಕ್ಕ ಒಂದೆರಡು ಗ್ಯಾಲನ್ ಇಡ್ರಿ. ಬೀದರ್‌ನಾಗ ಇಳಿಯಕ್ಕ ಆಗ್ಲಿಲ್ಲಂದ್ರ ವಾಪಸ್ ಕಲಬುರಗಿ, ಅದಕ್ಕ 4. ಪಿಸ್ಟನ್ ಎಂಜಿನ್ ವಿಮಾನಕ್ಕ 45 ನಿಮಿಷದ ರಿಸರ್ವ್, ಅದು 6.75. ಎಲ್ಲಾ ಕೂಡಿ 17 ಹತ್ರ, 20 ಗ್ಯಾಲನ್ ಹಾಕ್ಕೊಂಡು ಹೋಗ್ರಿ. ಸಿಮ್ಯುಲೇಟರ್ ಪೌಂಡ್‌ದಾಗ ಕೇಳಿದ್ರ 6ರಿಂದ ಗುಣಿಸ್ರಿ, 120 ಪೌಂಡ್. ಗ್ಯಾಲನ್, ಪೌಂಡ್, ಕೆಜಿ, ಲೀಟರ್ ಯಾವುದು ಸೆಟ್ ಆಗ್ಯದ ಅಂತ ಆಪ್ಷನ್ಸ್‌ದಾಗ ಒಮ್ಮಿ ನೋಡೇ ಮುಂದಕ್ಕ ಹೋಗ್ರಿ.

ಇದರ ಜೋಡಿ ನಮ್ಮ ಕಡಿ ಬಿಸಲು ಲೆಕ್ಕಕ್ಕ ತಗೊಳ್ಳೇಬೇಕು, ಇದನ್ನ ಹೊರಗಿನ ಟ್ಯುಟೋರಿಯಲ್‌ದಾಗ ಯಾರೂ ಒತ್ತಿ ಹೇಳಂಗಿಲ್ಲ. ಮೇ ತಿಂಗಳ ಮಧ್ಯಾಹ್ನ ಕಲಬುರಗಿದಾಗ 42 ಡಿಗ್ರಿ ಇರ್ತದ, 1500 ಅಡಿ ಎತ್ತರಕ್ಕ ಸ್ಟ್ಯಾಂಡರ್ಡ್ ಟೆಂಪರೇಚರ್ 12 ಡಿಗ್ರಿ, 30 ಡಿಗ್ರಿ ಜಾಸ್ತಿ ಆಯ್ತು. ಒಂದು ಡಿಗ್ರಿಗೆ 120 ಅಡಿ ಲೆಕ್ಕ ಹಿಡಿದ್ರ ಡೆನ್ಸಿಟಿ ಆಲ್ಟಿಟ್ಯೂಡ್ 5000 ಅಡಿ ದಾಟ್ತದ. ಅಂದ್ರ ರನ್‌ವೇ ಮ್ಯಾಲ ನಿಂತಿರೋ ವಿಮಾನಕ್ಕ 5000 ಅಡಿ ಮ್ಯಾಲ ಇದ್ದಂಗ ಅನಿಸ್ತದ, ಎಂಜಿನ್ ಸೊರಗ್ತದ, ಏರೋದು ನಿಧಾನ ಆಗ್ತದ. ಪರ್ಫಾರ್ಮೆನ್ಸ್ ಫೈಲಿನಾಗ ಕ್ಲೈಂಬ್ ರೇಟ್ ನಿಮಿಷಕ್ಕ 700 ಅಡಿ ಇದ್ರ ಬ್ಯಾಸಗಿಗೆ 500ಕ್ಕ ಇಳಿಸ್ರಿ, ಟಾಪ್ ಆಫ್ ಕ್ಲೈಂಬ್ (ಏರೋದು ಮುಗಿಯೋ ಜಾಗ) ಎಷ್ಟು ಮುಂದ ಸರೀತದ ಅಂತ ಪ್ರೊಫೈಲಿನಾಗ ನಿಮ್ಗೇ ಕಾಣ್ತದ. ಗಾಳಿಗೆ ವೆದರ್ ಮೆನುದಾಗ ನೋವಾ (ಅಮೆರಿಕದ ಹವಾಮಾನ ಸಂಸ್ಥೆ) ಸೋರ್ಸ್ ಆರಿಸ್ರಿ.

ಇನ್ನ ಎಕ್ಸ್‌ಪೋರ್ಟ್. ಮೊದಲು ಪ್ಲಾನ್‌ನ ಲಿಟಲ್ ನ್ಯಾವ್‌ಮ್ಯಾಪಿನದೇ ಫಾರ್ಮ್ಯಾಟಿನಾಗ ಸೇವ್ ಮಾಡ್ರಿ, ಅದು ನಿಮ್ಮ ಮೂಲ ಕಾಪಿ, ಏನು ಬದ್ಲಿ ಮಾಡೋದಿದ್ರೂ ಅದರಾಗೇ ಮಾಡಿ ಮತ್ತೊಮ್ಮಿ ಎಕ್ಸ್‌ಪೋರ್ಟ್ ಮಾಡ್ಬೇಕು. ಆಮ್ಯಾಲ ಮಲ್ಟಿಎಕ್ಸ್‌ಪೋರ್ಟ್ ಆಪ್ಷನ್ಸ್ ತೆಗೆದು ನಿಮ್ಗೆ ಬೇಕಾದ ಫಾರ್ಮ್ಯಾಟ್‌ಗೆ ಟಿಕ್ ಹಾಕ್ರಿ. ಮೈಕ್ರೋಸಾಫ್ಟ್ ಸಿಮ್ಯುಲೇಟರಿಗೆ ಪಿಎಲ್‌ಎನ್, ಎಕ್ಸ್‌ಪ್ಲೇನ್ 11 ಮತ್ತ 12ಕ್ಕ ಎಫ್‌ಎಂಎಸ್ 11, ಗಾರ್ಮಿನ್‌ಗೆ ಎಫ್‌ಪಿಎಲ್. ಎಕ್ಸ್‌ಪ್ಲೇನ್ ಆದ್ರ ಫೈಲ್ ಹೋಗಬೇಕಾದ್ದು ಔಟ್‌ಪುಟ್ ಫೋಲ್ಡರಿನ ಒಳಗಿರೋ ಎಫ್‌ಎಂಎಸ್ ಪ್ಲಾನ್ಸ್ ಫೋಲ್ಡರಿಗೆ, ಬ್ಯಾರೆ ಕಡಿ ಇಟ್ರ ವಿಮಾನದ ಬಾಕ್ಸಿನಾಗ ಹೆಸರೇ ಬರಂಗಿಲ್ಲ. ಫೈಲಿನ ಹೆಸರು ಸಣ್ಣದಿರಲಿ, ನಡುವ ಜಾಗ ಬಿಡಬ್ಯಾಡ್ರಿ, ಕನ್ನಡ ಅಕ್ಷರ ಬ್ಯಾಡ. ವಿಒಜಿಬಿ ವಿಒಬಿಆರ್ ಎರಡೂ ಇಂಗ್ಲಿಷ್‌ನಾಗ ಕೂಡ್ಸಿ ಮುಂದ 01 ಹಾಕಿದ್ರ ಸಾಕು.

ಎಕ್ಸ್‌ಪೋರ್ಟ್ ಆದ ಮ್ಯಾಲ ಆ ಎಫ್‌ಎಂಎಸ್ ಫೈಲ್ ನೋಟ್‌ಪ್ಯಾಡಿನಾಗ ತೆಗೆದು ನೋಡ್ರಿ, ಅದು ಬರೀ ಟೆಕ್ಸ್ಟ್ ಫೈಲ್. ಮ್ಯಾಲ 1100 ವರ್ಷನ್ ಅಂತ ಒಂದು ಸಾಲು, ಆಮ್ಯಾಲ ಡೇಟಾ ಸೈಕಲ್ ನಂಬರ್ (ನ್ಯಾವಿಗೇಶನ್ ಡೇಟಾ ಯಾವ ಆವೃತ್ತಿ ಅನ್ನೋದು), ಹೊರಡೋ ಏರ್‌ಪೋರ್ಟ್, ಮುಟ್ಟೋ ಏರ್‌ಪೋರ್ಟ್, ಪಾಯಿಂಟ್ ಎಷ್ಟು ಅನ್ನೋ ಲೆಕ್ಕ, ಅದರ ಕೆಳಗ ಒಂದೊಂದು ಪಾಯಿಂಟಿಗೆ ಒಂದೊಂದು ಸಾಲು. ಸಾಲಿನ ಮೊದಲ ಅಂಕಿ 1 ಇದ್ರ ಏರ್‌ಪೋರ್ಟ್, 2 ಎನ್‌ಡಿಬಿ, 3 ವಿಒಆರ್ (ಎರಡೂ ನೆಲದ ಮ್ಯಾಲಿನ ರೇಡಿಯೋ ಸ್ಟೇಷನ್), 11 ಹೆಸರಿರೋ ಫಿಕ್ಸ್ (ಮ್ಯಾಪಿನಾಗ ಗೊತ್ತುಮಾಡಿದ ಪಾಯಿಂಟ್), 28 ಅಂದ್ರ ನಾವು ಕೈಲೇ ಹಾಕಿದ ಪಾಯಿಂಟ್. ನಮ್ಮ ಹುಮನಾಬಾದ್ 28 ಆಗಿರ್ಬೇಕು. ಸಾಲಿನ ಕೊನಿಗೆ ಎತ್ತರ, ಅಕ್ಷಾಂಶ, ರೇಖಾಂಶ. ಈ ರೂಟಿನಾಗ ಎಲ್ಲಾ ಪಾಯಿಂಟಿನ ಅಕ್ಷಾಂಶ 17ರಿಂದನೇ ಶುರು ಆಗ್ಬೇಕು, ರೇಖಾಂಶ 76 ಇಲ್ಲಾ 77. ಬ್ಯಾರೆ ಏನರ ಕಂಡ್ರ ಹಾರಬ್ಯಾಡ್ರಿ. ಅರ್ಧ ನಿಮಿಷದ ಕೆಲಸ, ಆದ್ರ ಸ್ಕ್ರೀನಿನ ಗೆರಿಗಿಂತ ಈ ಸಾಲುಗಳ ಮ್ಯಾಲ ನನಗ ಭರೋಸಾ ಜಾಸ್ತಿ, ಯಾಕಂದ್ರ ವಿಮಾನ ಓದೋದು ಇದನ್ನೇ.

ಆಮ್ಯಾಲ ಸಿಮ್ಯುಲೇಟರ್ ಒಳಗ ಲೋಡ್ ಮಾಡಿ ಲೆಗ್ ಪೇಜ್ ತೆಗೆದು ದಿಕ್ಕು ಮತ್ತ ದೂರ ನಿಮ್ಮ ಕಾಗದದ ಜೋಡಿ ತಾಳೆ ನೋಡ್ರಿ. ಅಪ್ರೋಚ್ ಪ್ರೊಸೀಜರ್ (ರನ್‌ವೇಕ್ಕ ಇಳಿಯೋ ಗೊತ್ತಾದ ದಾರಿ) ಹಾಕಿದ್ರ ಅದು ಭಾಳ ಸಲ ಫೈಲಿನ ಜೋಡಿ ಸರಿ ಬರಂಗಿಲ್ಲ, ಬಾಕ್ಸಿನಾಗೇ ಕೈಲಿಂದ ಆರಿಸೋದು ಚಲೋ.

ದೊಡ್ಡ ವಿಮಾನ ಹಾರ್ಸೋರಿಗೆ, ಕಲಬುರಗಿಯಿಂದ ಬೆಂಗಳೂರಿಗೆ ಎಟಿಆರ್ ವಿಮಾನ ಒಯ್ಯೋದಾದ್ರ ಸಿಮ್‌ಬ್ರೀಫ್ ಅನ್ನೋ ಪ್ಲಾನಿಂಗ್ ವೆಬ್‌ಸೈಟಿನಾಗ ಪ್ಲಾನ್ ಮಾಡಿ ಲಿಟಲ್ ನ್ಯಾವ್‌ಮ್ಯಾಪಿಗೆ ತರಬಹುದು, ಫ್ಯುಯೆಲ್ ಲೆಕ್ಕ ಅದು ಪಕ್ಕಾ ಮಾಡಿ ಕೊಡ್ತದ. ನೇರ ದೂರ 250 ನಾಟಿಕಲ್ ಮೈಲಿ, ದಿಕ್ಕು 170 ಡಿಗ್ರಿ. ದಕ್ಷಿಣಕ್ಕ ಹೊಂಟೀವಿ ಅಂತ ಸಮ ಲೆವೆಲ್ ಹಾಕಬ್ಯಾಡ್ರಿ, 170 ಅಂದ್ರ ಇನ್ನೂ ಪೂರ್ವದ ಅರ್ಧದಾಗೇ ಅದ, ಫ್ಲೈಟ್ ಲೆವೆಲ್ 170 ಇಲ್ಲಾ 190, ಅಂದ್ರ 17000 ಇಲ್ಲಾ 19000 ಅಡಿ. ಟೈಮ್ ಎಲ್ಲಾ ಯುಟಿಸಿದಾಗ (ಜಗತ್ತಿಗೆಲ್ಲಾ ಒಂದೇ ಟೈಮ್) ಇರ್ತದ, ನಮ್ಮ ಟೈಮಿನಿಂದ ಐದೂವರೆ ತಾಸು ಕಳೀಬೇಕು, ಮುಂಜಾನಿ 9ಕ್ಕ ಹೊಂಟ್ರ 0330. ಡೇಟಾ ಸೈಕಲ್ 28 ದಿನಕ್ಕೊಮ್ಮಿ ಬದಲಾಗ್ತದ, ಸಿಮ್‌ಬ್ರೀಫ್ ಫ್ರೀ ಅಕೌಂಟಿನಾಗ ಹಳೇದೇ ಇರ್ತದ, ವಿಮಾನದಾಗಿನ ಸೈಕಲ್ ಬ್ಯಾರೆ ಇದ್ದು ಯಾವುದರ ಪಾಯಿಂಟ್ ಸಿಗ್ಲಿಲ್ಲಂದ್ರ ಕಾರಣ ಇದೇ.

ಬೀದರ್‌ನಿಂದ ವಾಪಸ್ ಬರೋ ಪ್ಲಾನಿಗೆ ಹೊಸದಾಗಿ ಏನೂ ಹಾಕೋದು ಬ್ಯಾಡ, ರಿವರ್ಸ್ ಫ್ಲೈಟ್ ಪ್ಲಾನ್ ಒತ್ರಿ. ದಿಕ್ಕು ಪಶ್ಚಿಮದ ಅರ್ಧಕ್ಕ ಹೊಳ್ತದ, 5500 ಈಗ ನಡೆಯಂಗಿಲ್ಲ, 4500 ಇಲ್ಲಾ 6500 ಹಾಕಿ, ಹೆಸರಿನ ಮುಂದ 02 ಬರ್ದು ಇನ್ನೊಮ್ಮಿ ಎಕ್ಸ್‌ಪೋರ್ಟ್ ಮಾಡ್ರಿ.