ಫಸ್ಟ್ ಇಯರ್ ಮಕ್ಕಳ ಅಪ್ಪ-ಅಮ್ಮಂದಿರ ಜೊತೆ ನಾನು ಮಾಡಿದ್ದು

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಫಸ್ಟ್ ಇಯರ್ ಬಿಎ ಮಕ್ಕಳ ಒಂದು ಗುಂಪಿಗೆ ಮೆಂಟರ್, ಅಂದರೆ ಮಾರ್ಗದರ್ಶಕಿ ಆಗುವ ಕೆಲಸವೂ ಪಾಲಿಗೆ ಬರುತ್ತದೆ. ಮೆಂಟರ್ ಅಂದರೆ ಎಷ್ಟೋ ಕಡೆ ಕಾಲೇಜಿನ ಗುಣಮಟ್ಟ ನೋಡೋಕೆ ನ್ಯಾಕ್ ತಂಡ ಬಂದಾಗ ತೋರಿಸೋಕೆ ಇಟ್ಟ ಒಂದು ಫೈಲ್, ಅಷ್ಟೇ. ಆ ಫೈಲಿನಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ ಕಾಲಂ: ಪೋಷಕರ ಮೊಬೈಲ್ ನಂಬರ್.

"ಈ ಕಾಂಬಿನೇಷನ್ (ಡಿಗ್ರಿಗೆ ಆರಿಸಿಕೊಳ್ಳುವ ವಿಷಯಗಳ ಜೋಡಿ) ಯಾಕೆ ತಗೊಂಡೆ?" ಅಂತ ಅಡ್ಮಿಷನ್ ದಿನ ಕೇಳಿ ನೋಡಿ. ಫ್ರೆಂಡ್ ತಗೊಂಡ, ಅದಕ್ಕೆ. ಪಿಯುಸಿ ಸೈನ್ಸ್‌ನಲ್ಲಿ ಮಾರ್ಕ್ಸ್ ಬರಲಿಲ್ಲ. ಮನೆಯಲ್ಲಿ ಸುಮ್ನೆ ಕೂರೋದು ಬೇಡ ಅಂದ್ರು. ಹೆಚ್ಚಿನವರ ಉತ್ತರ ಇಷ್ಟೇ. ಹದಿನೆಂಟು ವರ್ಷಕ್ಕೆ ಮುಂದೇನು ಅಂತ ಗೊತ್ತಿಲ್ಲದೆ ಇರುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಆದರೆ "ಗೊತ್ತಿಲ್ಲ" ಅನ್ನೋ ಮಾತನ್ನು ಮನೆಯಲ್ಲಿ ಹೇಳೋ ಹಾಗಿಲ್ಲ, ಅಲ್ಲೇ ತೊಂದರೆ. ಅಪ್ಪ ಕೇಳುತ್ತಾರೆ, ಚಿಕ್ಕಪ್ಪ ಕೇಳುತ್ತಾರೆ, ಮದುವೆಮನೆಯಲ್ಲಿ ಪರಿಚಯವೇ ಇಲ್ಲದವರೂ ಕೇಳುತ್ತಾರೆ, "ಮುಂದೆ ಏನ್ ಮಾಡ್ತೀಯಾ?" ಅಂತ. ಹುಡುಗ "ಕೆಎಎಸ್" ಅನ್ನುತ್ತಾನೆ, ಹುಡುಗಿ "ಬಿಎಡ್" ಅನ್ನುತ್ತಾಳೆ. ಕೇಳಿದವರಿಗೆ ಸಮಾಧಾನ. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಮಗ ದಿನಾ ಕ್ಲಾಸಿಗೆ ಹೋಗುತ್ತಿದ್ದಾನಾ, ಇಂಟರ್ನಲ್ ಟೆಸ್ಟ್ ಬರೆದನಾ ಅಂತ ಯಾರೂ ಕೇಳುವುದಿಲ್ಲ.

ಹಾಗಾಗಿ ನಾನು ಹಿಡಿದ ದಾರಿ ಇದು: ಮೊದಲ ಸೆಮಿಸ್ಟರ್ ಮುಗಿಯೋವರೆಗೆ ಗುರಿಯ ಮಾತೇ ಬೇಡ. ಅಪ್ಪ-ಅಮ್ಮಂದಿರಿಗೆ ಕಾಲೇಜು ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಾಗಲಿ. ಏನು ಓದಬೇಕು ಅಂತ ಗೊತ್ತಿಲ್ಲದ ಮಗುವೂ ಎಲ್ಲ ಪೇಪರ್ ಪಾಸಾಗಿ ಎರಡನೇ ಸೆಮಿಸ್ಟರ್‌ಗೆ ಬಂದರೆ, ಆಮೇಲೆ ಆರಿಸಿಕೊಳ್ಳೋಕೆ ಏನಾದರೂ ಉಳಿದಿರುತ್ತದೆ.

ಅದಕ್ಕೆ ಪೋಷಕರು ಕಾಲೇಜಿಗೆ ಬರಬೇಕಲ್ವಾ? ನಮ್ಮಲ್ಲಿ ಪೋಷಕರ ಸಭೆ ಅಂದರೆ ವಾರದ ಮಧ್ಯೆ ಬೆಳಗ್ಗೆ ಹತ್ತೂವರೆಗೆ, ವೇದಿಕೆ, ಪ್ರಾರ್ಥನೆ, ಸ್ವಾಗತ, ಭಾಷಣ. ಬರುವವರು ಬೆರಳೆಣಿಕೆ. ಕೂಲಿ ಬಿಟ್ಟು ಭಾಷಣ ಕೇಳೋಕೆ ಯಾರು ಬರುತ್ತಾರೆ? ನಾನು ನನ್ನ ಗುಂಪಿಗೆ ಬೇರೆಯಾಗಿ ಸಂತೆ ದಿನ ಮಧ್ಯಾಹ್ನ ಕರೆಯೋಕೆ ಶುರು ಮಾಡಿದೆ. ಹೇಗೂ ಪೇಟೆಗೆ ಬಂದಿರುತ್ತಾರೆ. ವೇದಿಕೆ ಇಲ್ಲ, ಮಕ್ಕಳು ದಿನಾ ಕೂರುವ ಕ್ಲಾಸ್‌ರೂಮಿನಲ್ಲೇ, ಅದೇ ಬೆಂಚಿನ ಮೇಲೆ, ಮಕ್ಕಳ ಪಕ್ಕದಲ್ಲೇ ಕೂರಿಸುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಫ್ರೀ ಆಯಿತು ನೋಡಿ, ಅಲ್ಲಿಂದ ಅಮ್ಮಂದಿರು ಬರುವುದು ಎದ್ದು ಕಾಣುವಷ್ಟು ಜಾಸ್ತಿಯಾಗಿದೆ. ನನ್ನ ಕೆಲಸ ಅರ್ಧ ಹಗುರವಾಗಿದ್ದು ಅಲ್ಲೇ. ಅಪ್ಪಂದಿರು ಫೀಸು ಎಷ್ಟು ಅಂತ ಕೇಳುತ್ತಾರೆ. ಅಮ್ಮಂದಿರು ಕೇಳುವುದೇ ಬೇರೆ: "ಇವಳು ಯಾಕೋ ಮೊದಲಿನ ಹಂಗೆ ಮಾತಾಡ್ತಾ ಇಲ್ಲ ಮೇಡಂ."

ಬಂದವರ ಎದುರು ಬೋರ್ಡಿನ ಮೇಲೆ 70 ಅಂತ ಬರೆಯುತ್ತೇನೆ. ಒಂದು ಪೇಪರ್‌ಗೆ ಈ ಸೆಮಿಸ್ಟರ್‌ನಲ್ಲಿ 70 ಕ್ಲಾಸ್ ನಡೆಯಿತು ಅಂದುಕೊಳ್ಳಿ. ಪರೀಕ್ಷೆಗೆ ಕೂರಬೇಕಾದರೆ 75 ಪರ್ಸೆಂಟ್ ಹಾಜರಿ ಬೇಕು. ಅಂದರೆ 53 ಕ್ಲಾಸ್. 17ಕ್ಕಿಂತ ಜಾಸ್ತಿ ತಪ್ಪಿಸೋ ಹಾಗಿಲ್ಲ. ಇದು ಒಟ್ಟು ಲೆಕ್ಕ ಅಲ್ಲ, ಪೇಪರ್ ಪೇಪರಿಗೂ ಬೇರೆ ಬೇರೆ. ಕನ್ನಡದಲ್ಲಿ ಜಾಸ್ತಿ ಇದೆ, ಇತಿಹಾಸದಲ್ಲಿ ಕಮ್ಮಿ ಇದೆ ಅಂದರೆ ನಡೆಯುವುದಿಲ್ಲ.

ಈ ಲೆಕ್ಕ ರಾಗಿ ಕೊಯ್ಲಿಗೆ ತಾಕುತ್ತದೆ ಅಂತ ನನಗೆ ಹೇಳಿದ್ದು ಒಬ್ಬ ಅಮ್ಮ. ನಮ್ಮ ಕಡೆ ಕೊಯ್ಲು ನವೆಂಬರ್ ಹೊತ್ತಿಗೆ. ಮೊದಲ ಸೆಮಿಸ್ಟರಿನ ಪಾಠ ಜೋರಾಗಿ ನಡೆಯುವುದೂ ಆಗಲೇ. ಆಳು ಸಿಗುವುದಿಲ್ಲ, ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ. ಕೊಯ್ಯೋದು, ಕಟ್ಟೋದು, ಮೆದೆ ಹಾಕೋದು ಅಂತ ವಾರ ಹೋಗುತ್ತದೆ. ಆಮೇಲೆ ಊರ ಹಬ್ಬ, ಒಂದೆರಡು ಮದುವೆ. ಮಗ ಬಂಕ್ ಮಾಡಿದ್ದಲ್ಲ, ಮನೆಯವರೇ ಉಳಿಸಿಕೊಂಡದ್ದು. "ಕಳಿಸಲೇಬೇಕು" ಅಂತ ನಾನು ಭಾಷಣ ಮಾಡಲಿಲ್ಲ. ಟೈಮ್‌ಟೇಬಲ್ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಯಾವ ದಿನ ಯಾವ ಪೇಪರ್ ಎರಡು ಕ್ಲಾಸ್ ಇದೆ, ಯಾವ ದಿನ ಕಮ್ಮಿ ಇದೆ ಅಂತ ತೋರಿಸಿದೆ. ಆ ಅಮ್ಮ ಬೆರಳಿಟ್ಟು ನೋಡಿ, "ಹಂಗಾದ್ರೆ ಶನಿವಾರ, ಭಾನುವಾರ ಇವನನ್ನ ಕರ್ಕೊತೀವಿ, ಮಂಗಳವಾರ ಮುಟ್ಟಲ್ಲ" ಅಂದರು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಮಗನ ರಜದ ದಿನಕ್ಕೂ ಗುಂಡು ಸುತ್ತೋಕೆ ಶುರು ಮಾಡಿದರು. ನಮ್ಮ ಆಫೀಸಿಗಿಂತ ಮೊದಲು ಆ ಮನೆಗೆ ಹಾಜರಿ ಎಷ್ಟು ಅಂತ ಗೊತ್ತಿರುತ್ತಿತ್ತು.

ಹಾಜರಿಯ ನಂತರ ಇಂಟರ್ನಲ್ಸ್ (ಸೆಮಿಸ್ಟರ್ ನಡುವಿನ ಟೆಸ್ಟು, ಅಸೈನ್‌ಮೆಂಟು), ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಪೇಪರ್). ಪಿಯುಸಿವರೆಗೆ ವರ್ಷಕ್ಕೊಂದು ದೊಡ್ಡ ಪರೀಕ್ಷೆ, ಕೊನೇ ತಿಂಗಳು ಕೂತು ಓದಿದರೂ ನಡೆಯುತ್ತದೆ ಅನ್ನೋದು ಮನೆಯವರ ತಲೆಯಲ್ಲಿ ಕೂತಿರುತ್ತದೆ. ಇಲ್ಲಿ ಆರು ತಿಂಗಳಿಗೊಂದು ಪರೀಕ್ಷೆ, ನಡುವೆ ಟೆಸ್ಟು, ಅಸೈನ್‌ಮೆಂಟು. ಮೊದಲ ಸೆಮಿಸ್ಟರಿನಲ್ಲಿ ಉಳಿದ ಪೇಪರನ್ನು ಸಾಮಾನ್ಯವಾಗಿ ಮೂರನೇ ಸೆಮಿಸ್ಟರಿನ ಜೊತೆ ಬರೆಯಬೇಕಾಗುತ್ತದೆ. ಇನ್ನೊಂದು ವಿಷಯ. ರಿಸಲ್ಟು ಬರುವುದು ಯೂನಿವರ್ಸಿಟಿ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ಪೋರ್ಟಲಿನಲ್ಲಿ, ಮಗುವಿನ ಲಾಗಿನ್‌ಗೆ. ಮನೆಗೆ ಕಾಗದ ಬರುವುದಿಲ್ಲ. "ರಿಸಲ್ಟ್ ಇನ್ನೂ ಬಂದಿಲ್ಲಮ್ಮ" ಅಂತ ತಿಂಗಳುಗಟ್ಟಲೆ ತಳ್ಳಿದವರನ್ನು ನೋಡಿದ್ದೇನೆ. ಅದಕ್ಕೇ ಆ ದಿನವೇ ಮಗುವಿನ ಮೊಬೈಲಿನಲ್ಲಿ ಪೋರ್ಟಲ್ ತೆಗೆಸಿ, ಎಲ್ಲಿ ಏನು ಕಾಣುತ್ತದೆ ಅಂತ ಅಪ್ಪ-ಅಮ್ಮನಿಗೆ ತೋರಿಸುತ್ತೇನೆ. ಪಾಸ್‌ವರ್ಡ್ ಮಾತ್ರ ಮಗುವಿನ ಹತ್ತಿರವೇ ಇರಲಿ ಅನ್ನುತ್ತೇನೆ.

ಇಲ್ಲಿ ಸಾಮಾನ್ಯವಾಗಿ ಯಾರಾದರೂ ಎದ್ದು ಕೇಳುತ್ತಾರೆ: "ನಾನು ಓದಿದ್ದು ಏಳನೇ ಕ್ಲಾಸು ಮೇಡಂ. ಕಾಲೇಜು ಓದೋ ಮಗನಿಗೆ ನಾನೇನು ಹೇಳ್ಲಿ?"

ಹೀಗೆ ಕೇಳಿದ ಒಬ್ಬರು ತೆಂಗಿನ ತೋಟದವರು. ನಾನಂದೆ, "ನೀವು ಹೇಳ್ಕೊಡೋದು ಬೇಡ ಅಣ್ಣ. ರಾತ್ರಿ ಊಟಕ್ಕೆ ಕೂತಾಗ ಇವತ್ತು ಯಾವ ಪಾಠ ಆಯ್ತು ಅಂತ ಕೇಳಿ. ಅವನ ಬಾಯಲ್ಲಿ ಹೇಳಿಸಿ. ಅರ್ಥ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅನ್ನಿ." ಒಪ್ಪಿದರು, ಅಷ್ಟೇನೂ ನಂಬಿಕೆ ಇರಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸ್ವಲ್ಪ ದಿನದ ಮೇಲೆ ಆ ಹುಡುಗ ಕ್ಲಾಸಿನಲ್ಲಿ ಕೈ ಎತ್ತಿದ. ಅಲ್ಲಿಯವರೆಗೆ ಕೊನೇ ಬೆಂಚು ಬಿಟ್ಟು ಏಳದವನು.

"ಮೇಡಂ, ಬೆಲೆ ಏರಿದ್ರೆ ಬೇಡಿಕೆ ಇಳಿಯುತ್ತೆ ಅಂತ ನೀವು ಹೇಳಿದ್ರಿ. ನಮ್ಮಪ್ಪ ಅದು ಸುಳ್ಳು ಅಂತಾರೆ."

"ಯಾಕಂತೆ?"

"ತಿಪಟೂರಲ್ಲಿ ಕೊಬ್ಬರಿ ರೇಟು ಏರೋಕೆ ಶುರುವಾದ್ರೆ ವ್ಯಾಪಾರಿಗಳು ಇನ್ನೂ ಜಾಸ್ತಿ ಕೊಳ್ತಾರಂತೆ. ನಾಳೆ ಇನ್ನೂ ಏರುತ್ತೆ ಅಂತ."

ಅಪ್ಪ ಹೇಳಿದ್ದು ಸರಿಯಾಗೇ ಇದೆ. ಬೇಡಿಕೆಯ ನಿಯಮ ಹೇಳುವಾಗ "ಇತರ ಅಂಶಗಳು ಸ್ಥಿರವಾಗಿದ್ದಾಗ" ಅಂತ ಒಂದು ಸಾಲು ಬರುತ್ತದೆ. ಮುಂದಿನ ಬೆಲೆಯ ನಿರೀಕ್ಷೆ ಆ ಇತರ ಅಂಶಗಳಲ್ಲಿ ಒಂದು. ಪ್ರತಿ ವರ್ಷ ಆ ಸಾಲನ್ನು ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ. ಆ ದಿನ ಇಡೀ ಕ್ಲಾಸು ಕೊಬ್ಬರಿ ರೇಟಿನ ಮೇಲೆ ನಡೆಯಿತು. ಬೆಂಬಲ ಬೆಲೆ ಯಾಕೆ, ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಖರೀದಿ ಕೇಂದ್ರದ ಮುಂದೆ ಸಾಲು ಯಾಕೆ, ಕೊಬ್ಬರಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಕಾಯುವ ರೈತನೂ ಒಂದು ಲೆಕ್ಕದಲ್ಲಿ ವ್ಯಾಪಾರಿಯೇ ಅಲ್ಲವಾ ಅಂತೆಲ್ಲ ಮಾತು ಬೆಳೆಯಿತು. ಹುಡುಗ ಮನೆಗೆ ಹೋಗಿ ಅಪ್ಪನಿಗೆ "ನೀನು ಹೇಳಿದ್ದು ಸರಿಯಂತೆ, ಆದ್ರೆ ನಿಯಮನೂ ಸುಳ್ಳಲ್ವಂತೆ" ಅಂದನಂತೆ. ಅವನಿಗೆ ಮುಂದೆ ಏನಾಗಬೇಕು ಅಂತ ಈಗಲೂ ಗೊತ್ತಿಲ್ಲ. ಅರ್ಥಶಾಸ್ತ್ರದಲ್ಲಿ ಮಾತ್ರ ಗುಂಪಿನಲ್ಲಿ ಮೊದಲಿಗ.

ಮನೆಯಲ್ಲಿ ಕೇಳುವ ಪ್ರಶ್ನೆಯನ್ನು ಚಿಕ್ಕದು ಮಾಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ. ಯಾವ ಕ್ಲಾಸಿನಲ್ಲಿ ಟೈಮ್ ಹೋಗಿದ್ದೇ ಗೊತ್ತಾಗಲ್ಲ? ಯಾವುದರಲ್ಲಿ ನಿದ್ದೆ ಬರುತ್ತೆ? ನೋಟ್ಸ್ ಯಾರ ಹತ್ತಿರ ತಗೋತೀಯಾ? ಇಂಥದಕ್ಕೆ ಸುಳ್ಳು ಹೇಳಬೇಕಾದ ಅಗತ್ಯ ಮಕ್ಕಳಿಗೆ ಬರುವುದಿಲ್ಲ.

ಆದರೂ ಭಯ ಇದ್ದೇ ಇರುತ್ತದೆ: ಬಿಎ ಮಾಡಿದರೆ ಏನು ಸಿಗುತ್ತದೆ? ಆ ಭಯ ಇರುವ ತನಕ ಅಪ್ಪ-ಅಮ್ಮ ಚಿಕ್ಕ ಪ್ರಶ್ನೆ ಕೇಳಲಾರರು. ಅದಕ್ಕೆ ಒಂದು ಹಾಳೆ ಮಾಡಿಟ್ಟುಕೊಂಡಿದ್ದೇನೆ. ಪೊಲೀಸ್ ಕಾನ್‌ಸ್ಟೇಬಲ್, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಗ್ರಾಮ ಆಡಳಿತಾಧಿಕಾರಿ, ಇವಕ್ಕೆ ಪಿಯುಸಿ ಸಾಕು, ಅಂದರೆ ಆ ಅರ್ಹತೆ ಈಗಾಗಲೇ ಕೈಯಲ್ಲಿದೆ. ಪಿಎಸ್‌ಐ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಕೆಎಎಸ್, ಬ್ಯಾಂಕಿನ ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗಳಿಗೆ ಡಿಗ್ರಿ ಬೇಕು, ಯಾವ ವಿಷಯ ಅಂತ ಕೇಳುವುದಿಲ್ಲ. ಮೂರು ವರ್ಷದ ಎಲ್‌ಎಲ್‌ಬಿ, ಎಂಬಿಎ, ಎಂಎಸ್‌ಡಬ್ಲ್ಯೂಗೂ ಯಾವುದಾದರೂ ಡಿಗ್ರಿ ನಡೆಯುತ್ತದೆ. ಬಿಎಡ್‌ಗೆ ಮಾತ್ರ ಹುಷಾರಾಗಿರಬೇಕು. ಡಿಗ್ರಿಯಲ್ಲಿ 50 ಪರ್ಸೆಂಟ್ ಬೇಕು, ಮೀಸಲಾತಿಯವರಿಗೆ ಸ್ವಲ್ಪ ರಿಯಾಯಿತಿ ಇದೆ. ಮುಂದೆ ಶಾಲೆಯಲ್ಲಿ ಯಾವ ವಿಷಯದ ಮೇಷ್ಟ್ರಾಗಬಹುದು ಅನ್ನುವುದು ಈಗ ತೆಗೆದುಕೊಳ್ಳುವ ಕಾಂಬಿನೇಷನ್ ಮೇಲೆ ನಿಂತಿರುತ್ತದೆ. ಬದಲಾಯಿಸಬೇಕಿದ್ದರೆ ಕ್ಲಾಸು ಶುರುವಾದ ಮೊದಲ ಕೆಲವು ವಾರದಲ್ಲೇ ಆಫೀಸಿನಲ್ಲಿ ವಿಚಾರಿಸಬೇಕು. ಪಟ್ಟಿ ಯೂನಿವರ್ಸಿಟಿಗೆ ಹೋದ ಮೇಲೆ ಓಡಾಟ ಜಾಸ್ತಿ.

ಈ ಹಾಳೆ ನೋಡಿದ ಮೇಲೆ ತುಂಬಾ ಜನ "ಓ, ಹಾಗಾದ್ರೆ ಈಗಲೇ ಹೇಳಲೇಬೇಕು ಅಂತೇನಿಲ್ಲ" ಅನ್ನುತ್ತಾರೆ. ಮಧ್ಯೆ ಸರ್ಕಾರದ ನಿಯಮ ಬದಲಾಗಿ ಬೇರೆ ಗೊಂದಲ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದು ನಾಲ್ಕು ವರ್ಷದ ಆನರ್ಸ್ ಅಂದರು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಅಣ್ಣನ ಡಿಗ್ರಿಗೂ ತಂಗಿಯ ಡಿಗ್ರಿಗೂ ಲೆಕ್ಕ ಬೇರೆ. ಪಕ್ಕದ ಮನೆಯವರು ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ ಅಂತ ಎರಡೆರಡು ಸಲ ಹೇಳಬೇಕಾಗುತ್ತದೆ.

ಫೋನಿನ ವಿಷಯದಲ್ಲಿ ನನ್ನದು ಒಂದು ನಿಯಮ ಇದೆ. ಪೋಷಕರಿಗೆ ಫೋನ್ ಮಾಡುವಾಗ ಮಗು ಎದುರಿಗೇ ಇರಬೇಕು, ಸ್ಪೀಕರ್ ಆನ್ ಇರಬೇಕು. ಬೆನ್ನ ಹಿಂದೆ ಚಾಡಿ ಹೇಳಿದರೆ ಆ ಮಗು ಆಮೇಲೆ ನನ್ನ ಹತ್ತಿರ ಬಾಯಿ ಬಿಡುವುದಿಲ್ಲ. ಹಾಜರಿ ಕಮ್ಮಿ ಇದ್ದರೆ "ನೀನೇ ಹೇಳು" ಅಂತ ಮಗುವಿನ ಕೈಗೇ ಫೋನು ಕೊಡುತ್ತೇನೆ. ಒಳ್ಳೆಯ ಸುದ್ದಿಗೂ ಫೋನು ಮಾಡುತ್ತೇನೆ. ಕಾಲೇಜಿನಿಂದ ಫೋನು ಅಂದ ತಕ್ಷಣ ಗಾಬರಿಯಾಗುತ್ತಾರೆ, ಪಾಪ. "ಏನಾಯ್ತು ಮೇಡಂ?" ಅಂತ ಶುರು. ಟೆಸ್ಟಿನಲ್ಲಿ ಚೆನ್ನಾಗಿ ಬರೆದಿದ್ದಾಳೆ ಅಂದರೆ ಒಂದು ಕ್ಷಣ ಮಾತೇ ಬರುವುದಿಲ್ಲ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು ಇರುತ್ತದೆ, ಯಾರೂ ಸಭೆಯಲ್ಲಿ ಎತ್ತುವುದಿಲ್ಲ. "ಒಳ್ಳೆ ಕಡೆಯಿಂದ ಕೇಳ್ತಿದ್ದಾರೆ" ಅನ್ನುವುದು ಆಮೇಲೆ ಮೆಟ್ಟಿಲ ಹತ್ತಿರ ಮೆಲ್ಲಗೆ ಬರುತ್ತದೆ. ಏನು ಓದಬೇಕು ಅಂತ ಗೊತ್ತಿಲ್ಲದ ಹುಡುಗಿಗೆ ಮದುವೆ ಬೇಗ ಗೊತ್ತಾಗುತ್ತದೆ. ನಾನು ಜಗಳ ಮಾಡುವುದಿಲ್ಲ, ಡಿಗ್ರಿ ಮುಗಿಯೋಕೆ ಎಷ್ಟು ಸೆಮಿಸ್ಟರ್ ಉಳಿದಿದೆ, ಸ್ಕಾಲರ್‌ಶಿಪ್ ಎಷ್ಟು ಬರುತ್ತಿದೆ, ನಡುವೆ ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಅಂತ ಲೆಕ್ಕ ಹೇಳುತ್ತೇನೆ. ಕೆಲವರು ಮದುವೆ ಮಾತು ನಿಲ್ಲಿಸಿದ್ದಾರೆ. ಕೆಲವರು ಮದುವೆ ಕಾರ್ಡು ತಂದುಕೊಟ್ಟಿದ್ದಾರೆ. ಮದುವೆಯಾದ ಮೇಲೂ ಪರೀಕ್ಷೆಗೆ ಕಳಿಸುತ್ತೇವೆ ಅಂತ ಗಂಡಿನ ಕಡೆಯವರ ಬಾಯಲ್ಲಿ ಮೊದಲೇ ಹೇಳಿಸಿಕೊಂಡ ಒಬ್ಬ ಅಪ್ಪನೂ ಇದ್ದಾರೆ, ಆ ಹುಡುಗಿ ಈಗ ಎರಡನೇ ವರ್ಷ.

ಎಲ್ಲರನ್ನೂ ಬಿಎಯಲ್ಲೇ ಉಳಿಸಬೇಕು ಅನ್ನೋ ಹಟ ನನಗಿಲ್ಲ. ಮೊದಲ ಸೆಮಿಸ್ಟರ್ ಮುಗಿಸಿ ಒಬ್ಬ ಹುಡುಗ ಐಟಿಐ ಎಲೆಕ್ಟ್ರಿಷಿಯನ್‌ಗೆ ಹೋದ. ಮನೆಯಲ್ಲಿ ಒಂದು ವರ್ಷ ವೇಸ್ಟ್ ಆಯ್ತು ಅಂತ ಗಲಾಟೆ. ಅವನಮ್ಮ ನನ್ನ ಹತ್ತಿರ ಬಂದಾಗ ಅವನ ಹಾಜರಿ, ಟೆಸ್ಟಿನ ಪೇಪರು ಎಲ್ಲ ತೆಗೆದು ಮುಂದಿಟ್ಟೆ. ಕ್ಲಾಸು ತಪ್ಪಿಸಿಲ್ಲ, ಎಲ್ಲ ಪೇಪರ್ ಪಾಸಾಗಿದ್ದಾನೆ, ನೋಡಿ ಬೇಡ ಅಂದಿದ್ದಾನೆ. ಓದದೆ ಓಡಿ ಹೋಗುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಅಂತ ಅವರಿಗೆ ಅನಿಸಿತು. ಅಪ್ಪನಿಗೆ ಒಪ್ಪಿಸುವುದು ಅವರೇ ಮಾಡಿದರು.

ಈಗಲೂ ಕೈಗೆ ಸಿಗದವರು ಹಾಸ್ಟೆಲ್ ಮಕ್ಕಳ ಮನೆಯವರು. ದೂರದ ತಾಲ್ಲೂಕು, ಸಂತೆಯೂ ಬೇರೆ ದಿನ. ಅವರಿಗೆ ವಾಟ್ಸಾಪಿನಲ್ಲಿ ಓದೋ ಮೆಸೇಜ್ ಕಳಿಸಿದರೆ ನೋಡುವುದಿಲ್ಲ. ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ ಕೇಳುತ್ತಾರೆ, ವಾಪಸ್ಸೂ ಮಾತಾಡಿ ಕಳಿಸುತ್ತಾರೆ. ಎರಡು ನಿಮಿಷದ ಒಳಗೆ ಮುಗಿಸಬೇಕು, ಇಂಟರ್ನಲ್ ಟೆಸ್ಟಿನ ತಾರೀಖು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅಲ್ಲಿವರೆಗೆ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಈ ಸಲ ಹಾಸ್ಟೆಲ್ ವಾರ್ಡನ್ ಮೇಡಂ ಕೂಡ ವಾಟ್ಸಾಪ್ ಗುಂಪಿಗೆ ಸೇರಿದ್ದಾರೆ. ಯಾರು ಬೆಳಗ್ಗೆ ಎದ್ದು ಕಾಲೇಜಿಗೆ ಹೊರಟಿಲ್ಲ ಅನ್ನುವುದು ನನಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.