ಮಳೆಗಾಲದಲ್ಲಿ ಊಸರವಳ್ಳಿ ಸೊರಗಿದರೆ ಮೊದಲು ಗೂಡು ಒಣಗಿಸಿ

ಊಸರವಳ್ಳಿ ಹಗಲಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ಅದು ನಿದ್ದೆಯಲ್ಲ, ಕಾಯಿಲೆ. ಈ ಪ್ರಾಣಿ ಕೈಲಾಗುವವರೆಗೂ ರೋಗವನ್ನು ತೋರಗೊಡುವುದಿಲ್ಲ. ಹಾಗಾಗಿ ಲಕ್ಷಣ ಕಂಡ ದಿನವೇ ವೈದ್ಯರಿಗೆ ಫೋನ್ ಮಾಡಿ, ಅದೇ ದಿನ ಗೂಡನ್ನೂ ಪರೀಕ್ಷಿಸಿ. ಗೂಡು ಸರಿಯಿಲ್ಲದಿದ್ದರೆ ಔಷಧಿ ಕೊಟ್ಟೂ ಪ್ರಯೋಜನವಿಲ್ಲ.

ಇಲ್ಲಿನ ಅಳತೆಗಳೆಲ್ಲ ಯೆಮೆನ್ ಮೂಲದ ವೇಲ್ಡ್ ಕಮೀಲಿಯನ್ ಎಂಬ ಊಸರವಳ್ಳಿ ಜಾತಿಗೆ ಸಂಬಂಧಿಸಿದವು. ನಮ್ಮ ದೇಶದ ಊಸರವಳ್ಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ಒಪ್ಪಿಸಿ. ವಿದೇಶಿ ಜಾತಿಯದ್ದಾದರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು.

ಕೊಡಗಿನಲ್ಲಿ ಹೆಚ್ಚಿನ ತೊಂದರೆ ಶುರುವಾಗುವುದು ಜೂನ್ ನಂತರ. ವೇಲ್ಡ್‌ಗೆ ಹಗಲು ಶೇ 40-50ರ ತೇವಾಂಶ ಸಾಕು, ರಾತ್ರಿ ಶೇ 80 ದಾಟಿದರೂ ಚಿಂತೆಯಿಲ್ಲ. ಮಡಿಕೇರಿ, ಭಾಗಮಂಡಲದ ಕಡೆ ಮಳೆ ಹಿಡಿದರೆ ಹಗಲಿಗೂ ರಾತ್ರಿಗೂ ವ್ಯತ್ಯಾಸವೇ ಇರುವುದಿಲ್ಲ. ಅದರ ಮೇಲೆ ದಿನಕ್ಕೆ ನಾಲ್ಕು ಸಲ ನೀರು ಸಿಂಪಡಿಸಿದರೆ ಚಳಿ, ತೇವ, ನಿಂತ ಗಾಳಿ ಮೂರೂ ಸೇರಿ ಶ್ವಾಸಕೋಶದ ಸೋಂಕು ಬರುತ್ತದೆ. ಮೂತಿ ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು, ಚಟ್ ಚಟ್ ಸದ್ದು, ಬಾಯಂಚಿನಲ್ಲಿ ನೊರೆ ಇದರ ಗುರುತು. ದೀಪದ ಕೆಳಗೆ ಕೂತಾಗ ಮಾತ್ರ ಬಾಯಿ ತೆರೆದರೆ ಶಾಖ ಹೆಚ್ಚಾಗಿದೆ ಎಂದರ್ಥ.

ಗಾಜಿನ ಪೆಟ್ಟಿಗೆ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದಲ್ಲ. 60×60×120 ಸೆಂ.ಮೀ. ಅಳತೆಯ ಜಾಲರಿ ಗೂಡನ್ನು ಮನೆಯ ಅತಿ ಒಣ ಕೋಣೆಯಲ್ಲಿ, ಸೌದೆ ಒಲೆಯ ಹೊಗೆ ತಾಗದಂತೆ, ಕೊಂಬೆ ನಿಮ್ಮ ತಲೆಯ ಎತ್ತರಕ್ಕೆ ಬರುವಂತೆ ಇಡಿ. ಚಿಕ್ಕ ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ. ಗಾಳಿ ಪ್ರಾಣಿಗೆ ನೇರವಾಗಿ ಬಡಿಯಬಾರದು. ಶಾಖದ ಬಲ್ಬ್ ಜಾಲರಿಯ ಹೊರಗಿರಲಿ. ಅದರ ಕೆಳಗಿನ ಕೊಂಬೆಯಲ್ಲಿ, ಪ್ರಾಣಿಯ ಬೆನ್ನು ಬರುವ ಎತ್ತರಕ್ಕೆ ಥರ್ಮಾಮೀಟರ್ ಹಿಡಿದು 29-30 ಡಿಗ್ರಿ ಬರುವಂತೆ ದೂರ ಹೊಂದಿಸಿ. ಗೂಡಿನ ಕೆಳಭಾಗ 22-24 ಡಿಗ್ರಿ ಇರಲಿ, ಬಿಸಿಯೋ ತಂಪೋ ಅದೇ ಆರಿಸಿಕೊಳ್ಳುತ್ತದೆ. ಹುಷಾರಿಲ್ಲದ ಪ್ರಾಣಿಗೆ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯದಂತೆ ಥರ್ಮೋಸ್ಟಾಟ್ ಇರುವ ಸೆರಾಮಿಕ್ ಹೀಟರ್ ಹಾಕಿ. ರಾತ್ರಿ ಬೆಳಕು ಬೇಡ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಜಾಲರಿಯ ಹೊರಗೆ ಒಂದು ಪಕ್ಕಕ್ಕೆ ಒರಗಿಸಿ.

ದೀಪ ಹಾಕುವ ಮೊದಲು ಒಂದೇ ಸಲ, ಎರಡು-ಮೂರು ನಿಮಿಷ ನೀರು ಸಿಂಪಡಿಸಿ. ಹನ್ನೊಂದು ಗಂಟೆಗೆ ಎಲೆ ಮುಟ್ಟಿ ನೋಡಿ: ಇನ್ನೂ ಒದ್ದೆಯಿದ್ದರೆ ಗಾಳಿ ಸಾಲದು. ಆದರೂ ಅದಕ್ಕೆ ಕುಡಿಯಲು ನೀರು ಬೇಕೇ ಬೇಕು. ಬಟ್ಟಲಿನ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಮೆಡಿಕಲ್ ಶಾಪಿನ ಹೊಸ ಡ್ರಿಪ್ ಸೆಟ್ಟನ್ನು ನೀರಿನ ಬಾಟಲಿಗೆ ಜೋಡಿಸಿ, ದಾಸವಾಳದ ಎಲೆಯ ಮೇಲೆ ಎರಡು ಸೆಕೆಂಡಿಗೊಂದು ಹನಿಯಂತೆ ಒಂದು ಗಂಟೆ ಬಿಡಿ. ಕೆಳಗೆ ತಟ್ಟೆಯಿಟ್ಟು ಆಮೇಲೆ ಚೆಲ್ಲಿ. ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರದ ಭಾಗ ಬೆಳ್ಳಗಿದ್ದರೆ ನೀರು ಸಾಕಾಗಿದೆ. ಕಡು ಕಿತ್ತಳೆ ಬಣ್ಣ, ಗುಳಿಬಿದ್ದ ಕಣ್ಣು ನಿರ್ಜಲೀಕರಣದ ಗುರುತು. ದಯವಿಟ್ಟು ಸಿರಿಂಜಿನಿಂದ ಬಾಯಿಗೆ ನೀರು ಹಾಕಬೇಡಿ. ಅದರ ಶ್ವಾಸನಾಳದ ಬಾಯಿ ಮುಂದೆಯೇ ಇದೆ, ನೀರು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ.

ಕೈಕಾಲು ನಡುಗುವುದು, ಕೊಂಬೆಯ ಹಿಡಿತ ಜಾರುವುದು, ನಾಲಿಗೆ ಗುರಿ ತಪ್ಪುವುದು, ಮುಂಗಾಲು ಬಾಗುವುದು ಕಂಡರೆ ಮೂಳೆ ಮೆತ್ತಗಾಗುತ್ತಿದೆ. ತಿಂಗಳುಗಟ್ಟಲೆ ಬಿಸಿಲಿಲ್ಲ, ಬಂದರೂ ಮೂಳೆಗೆ ಬೇಕಾದ ವಿಟಮಿನ್ ಡಿ3 ಮೈಯಲ್ಲಿ ತಯಾರಾಗಿಸುವ ಯುವಿಬಿ (ನೇರಳಾತೀತ) ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ಶೇ 6ರ ಟಿ5 ಎಚ್‌ಓ (ಹೈ ಔಟ್‌ಪುಟ್) ಯುವಿಬಿ ಟ್ಯೂಬನ್ನು ಬೆನ್ನಿನಿಂದ 15-20 ಸೆಂ.ಮೀ. ಮೇಲೆ, ದಿನಕ್ಕೆ 12 ಗಂಟೆ ಉರಿಸಿ. ವರ್ಷವಾದ ಮೇಲೆ ಟ್ಯೂಬ್ ಬೆಳಗುತ್ತಿದ್ದರೂ ಬದಲಿಸಿ, ಕಿರಣ ಕುಗ್ಗಿರುತ್ತದೆ. ಹುಳುಗಳಿಗೆ ಪ್ರತಿ ಸಲ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ತೆಳ್ಳಗೆ ಸವರಿ. ಡಿ3 ಮತ್ತು ವಿಟಮಿನ್ ಇರುವ ಪುಡಿ ತಿಂಗಳಿಗೆ ಎರಡು ಸಲ ಮಾತ್ರ. ಬಾಗಿದ ಮೂಳೆ ಪೂರ್ತಿ ನೆಟ್ಟಗಾಗದು, ಆದರೆ ಬೇಗ ಹಿಡಿದರೆ ಇನ್ನಷ್ಟು ಬಾಗುವುದು ನಿಲ್ಲುತ್ತದೆ.

ಕಾಫಿ ಗಿಡದ ರೆಂಬೆ ಸವರಿದಾಗ (ಕಸಿ) ಸಿಗುವ ರೆಂಬೆ ನೋಡಲು ಚೆಂದ, ಆದರೆ ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆದದ್ದಾದರೆ ತೊಗಟೆಯಲ್ಲಿ ತಾಮ್ರ ಉಳಿದಿರುತ್ತದೆ. ಔಷಧಿ ಕಾಣದ ಸೀಬೆಯ ಬೆರಳುಗಾತ್ರದ ರೆಂಬೆ ಹಾಕಿ. ಸ್ಪ್ರೇ ಆದ ತೋಟದ ಮಿಡತೆಯನ್ನು ತಿನ್ನಿಸಲೇಬೇಡಿ.

ಹೆಣ್ಣಾದರೆ, ಗಂಡಿನ ಸಹವಾಸ ಇಲ್ಲದೆಯೂ ಮೊಟ್ಟೆ ಕಟ್ಟುತ್ತದೆ. 30 ಸೆಂ.ಮೀ. ಆಳದ ಒದ್ದೆ ಮರಳಿನ ಡಬ್ಬಿ ಗೂಡಿನಲ್ಲಿ ಸದಾ ಇರಲಿ. ಹೊಟ್ಟೆ ಉಬ್ಬಿ, ನೆಲದಲ್ಲಿ ಅಲೆದು, ಕೊನೆಗೆ ಮಂಕಾದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಒಂದು ದಿನವೂ ಕಾಯಬೇಡಿ.

ವೈದ್ಯರನ್ನು ಹುಡುಕಿ ಮೈಸೂರಿಗೋ ಬೆಂಗಳೂರಿಗೋ ಹೊರಟರೆ, ತೂತು ಕೊರೆದ ರಟ್ಟಿನ ಪೆಟ್ಟಿಗೆಯ ಒಳಗೆ ಅಡ್ಡಕ್ಕೆ ಒಂದು ಕೋಲು ಕಟ್ಟಿ, ಕತ್ತಲೆ ಮಾಡಿ ಒಯ್ಯಿರಿ. ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಆ ದಿನದ ಹಿಕ್ಕೆ ಒಂದು ಡಬ್ಬಿಯಲ್ಲಿ, ಗೂಡಿನ ಫೋಟೊ, ಉಷ್ಣತೆ ಮತ್ತು ತೇವಾಂಶದ ಲೆಕ್ಕ, ಕೊಡುತ್ತಿರುವ ಪುಡಿಗಳ ಡಬ್ಬಿ ಜೊತೆಗಿರಲಿ. ವೈದ್ಯರು ಮೊದಲು ಕೇಳುವುದು ಇವನ್ನೇ.